ಕರಡಿಯ ಅಪಾಯಿಂಟ್‌ಮೆಂಟ್ ಮಧ್ಯಾಹ್ನ ಎರಡೂವರೆಗೆ

ಸಿಯಾಟಲ್‌ನಲ್ಲಿ ಕೆಲಸಕ್ಕಿರುವ ಮಗ ಅಪ್ಪಾರ ಅರವತ್ತರ ಶಾಂತಿಯ ನೆಪದಲ್ಲಿ ಅಲಾಸ್ಕಾ ಕ್ರೂಸ್ ಬುಕ್ ಮಾಡಿದ ಎಂಬ ಸುದ್ದಿ ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರಕ್ಕೆ, ಅಂದರೆ ಬೀಗರ ಮನೆಗೆ, ಚಿಗರಿ ಬಸ್ಸು ಬಿಡುವ ಮೊದಲೇ ಮುಟ್ಟಿರುತ್ತದೆ. ಬೀಗರೂ ಹೊರಡುತ್ತಾರೆ. ಬೀಗರು ಹೊರಟ ಮೇಲೆ ಕಾಕಾ ಹಿಂದೆ ಉಳಿದಾರೆಯೇ? ಹೀಗೆ ಹನ್ನೊಂದು ಮಂದಿ ಆಗುತ್ತಾರೆ, ಅವರಿಗೊಂದು ವಾಟ್ಸ್ಯಾಪ್ ಗುಂಪು ಆಗುತ್ತದೆ. ವಿಮಾನ, ಹಡಗು, ಕ್ಯಾಬಿನ್ ಎಲ್ಲವನ್ನೂ ಮಗ ಒಂದೇ ರಾತ್ರಿ ಮುಗಿಸುತ್ತಾನೆ. ಮಹಾಭಾರತ ಶುರುವಾಗುವುದು ಎಕ್ಸ್‌ಕರ್ಷನ್ ಪಟ್ಟಿ ಬಂದಾಗ.

ಹಡಗು ಒಂದು ಬಂದರಿನಲ್ಲಿ ಎಂಟು-ಹತ್ತು ತಾಸು ನಿಲ್ಲುತ್ತದೆ. ಅಷ್ಟರಲ್ಲಿ ದಡಕ್ಕಿಳಿದು ಏನೇನು ನೋಡಬಹುದು, ತಲೆಗೆ ಎಷ್ಟು ಡಾಲರ್ ಎಂಬ ಪಟ್ಟಿ ಅದು. ಮನುಷ್ಯನ ಹಂಗಿಲ್ಲದ ಕಾಡು, ಕಾಲವೇ ನಿಂತ ಹಿಮ ಎಂದು ಮೇಲೆ ಬರೆದಿರುತ್ತದೆ. ಅದರ ಕೆಳಗೇ ಬ್ಯಾಚು: ತಿಮಿಂಗಿಲ 9.15ಕ್ಕೆ, ಹಿಮನದಿ 12ಕ್ಕೆ, ಕರಡಿ 2.30ಕ್ಕೆ.

ನಮ್ಮ ಮಂದಿ ಈ ಪಟ್ಟಿ ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಫೋಟೋ, ಆಮೇಲೆ ರೇಟು, ಆಮೇಲೆ ಬೀಗರು ಯಾವುದಕ್ಕೆ ಹೂಂ ಅಂದರು ಎಂಬುದು. ಅಡಿಯಲ್ಲಿರುವ ಸಣ್ಣ ಅಕ್ಷರ ಓದುವ ಪದ್ಧತಿ ಇಲ್ಲ. ಕಂಪನಿಗೂ ಇದು ಚೆನ್ನಾಗಿ ಗೊತ್ತು. ಹಾಗಾಗಿ ಯಾರ ಕೈಯಲ್ಲೂ ಇಲ್ಲದ ತಿಮಿಂಗಿಲವನ್ನು ಇಡೀ ಪುಟಕ್ಕೆ ಹಾಕಿ, ಖಂಡಿತ ಬರುವ ಮಳೆಯನ್ನು ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿರುತ್ತಾರೆ.

ಜುನೊದಿಂದ ಶುರು ಮಾಡೋಣ. ಇದು ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನ, ಇಲ್ಲವೇ ಹಡಗು. ಜನಸಂಖ್ಯೆ 30,000ದ ಆಸುಪಾಸು. ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗು ಬರಕೂಡದು ಎಂದು 2024ರಿಂದ ಊರಿನವರು ಕಂಪನಿಗಳ ಜೊತೆ ಕರಾರು ಮಾಡಿಕೊಂಡಿದ್ದಾರೆ. ಏಕಾಂತ ಹುಡುಕಿ ಬಂದವರ ನೂಕುನುಗ್ಗಲು ತಡೆಯಲು ಅಷ್ಟಾದರೂ ಬೇಕಾಯಿತು.

ಜುನೊದಲ್ಲಿ ಎಲ್ಲರಿಗೂ ಬೇಕಾದ್ದು ತಿಮಿಂಗಿಲ. ಇಲ್ಲಿ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲ ಹವಾಯಿಯಲ್ಲಿ ಕಳೆದು, ಬೇಸಿಗೆಗೆ ಹೊಟ್ಟೆ ತುಂಬಿಸಿಕೊಳ್ಳಲು ಅಲಾಸ್ಕಾಕ್ಕೆ ಬರುತ್ತವೆ. ದೋಣಿಯವರು ಕೆಲವರು ತಿಮಿಂಗಿಲ ಕಾಣದಿದ್ದರೆ ಇಂತಿಷ್ಟು ಹಣ ವಾಪಸು ಎಂದು ಗ್ಯಾರಂಟಿ ಕೊಡುತ್ತಾರೆ. ಐದು ಗ್ಯಾರಂಟಿ ಕಂಡ ಕರ್ನಾಟಕದವರಿಗೆ ಇದು ಆರನೆಯದು. ಇದರಲ್ಲೂ ಷರತ್ತಿದೆ. 'ಕಾಣುವುದು' ಅಂದರೆ ಪಿಚಕಾರಿಯಂತೆ ಒಂದು ಉಸಿರು, ಒಂದು ಕಪ್ಪು ಬೆನ್ನು, ಅದೃಷ್ಟವಿದ್ದರೆ ಮುಳುಗುವಾಗ ಬಾಲ. ಫೋಟೋದಲ್ಲಿ ಇರುವಂತೆ ಇಡೀ ದೇಹ ನೀರಿನಿಂದ ಮೇಲಕ್ಕೆ ನೆಗೆಯುವುದು ತಿಮಿಂಗಿಲದ ಮರ್ಜಿ. ಮೇಲಾಗಿ ದೋಣಿ 100 ಗಜಕ್ಕಿಂತ ಹತ್ತಿರ ಹೋಗಬಾರದು ಎಂಬ ಕಾನೂನಿದೆ. "ಇನ್ನೊಂದೀಟ ಮುಂದ ತಗೋರಿ ಡ್ರೈವರ್" ಎಂದು ಕಾಕಾ ಕೂಗಿದರೂ ಕ್ಯಾಪ್ಟನ್ ಜಗ್ಗುವುದಿಲ್ಲ. ಹಾಗಾಗಿ ಮೊಬೈಲಿನ ಕ್ಯಾಮೆರಾ ಒಳಗಿಟ್ಟು ದುರ್ಬೀನು ಹಿಡಿದವರೇ ಹೆಚ್ಚು ನೋಡಿ ಬರುತ್ತಾರೆ.

ಇಲ್ಲಿ ಎಲ್ಲರೂ ಮೋಸ ಹೋಗುವುದು 'ಕಾಂಬೊ' ಎಂಬ ಶಬ್ದಕ್ಕೆ. ತಿಮಿಂಗಿಲ ಮತ್ತು ಮೆಂಡನ್‌ಹಾಲ್ ಹಿಮನದಿ, ಎರಡೂ ಸೇರಿ ಐದು ತಾಸು. ಗೃಹಿಣಿಯರಿಂದ ಹಿಡಿದು ಚಾರ್ಟರ್ಡ್ ಅಕೌಂಟೆಂಟ್‌ವರೆಗೆ ಎಲ್ಲರೂ ಇದನ್ನು ಲಾಭ ಎಂದೇ ಲೆಕ್ಕ ಹಾಕುತ್ತಾರೆ. ಆ ಐದು ತಾಸನ್ನು ಬಿಡಿಸಿ ನೋಡಿ. ಬಂದರಿನಲ್ಲಿ ಎದೆಗೆ ಸ್ಟಿಕರ್ ಅಂಟಿಸಿಕೊಂಡು ಸಾಲು ನಿಲ್ಲುವುದು, ಆಕ್ ಬೇ ದೋಣಿ ನಿಲ್ದಾಣಕ್ಕೆ ಬಸ್ಸು, ಅಲ್ಲಿ ಮತ್ತೆ ಸಾಲು, ನೀರಿನ ಮೇಲೆ ಎರಡು-ಎರಡೂವರೆ ತಾಸು, ಮತ್ತೆ ಬಸ್ಸು. ಹಿಮನದಿಗೆ ಉಳಿಯುವುದು ಮುಕ್ಕಾಲು ತಾಸೋ ಒಂದು ತಾಸೋ. ಹಿಮನದಿಯ ಪಕ್ಕದ ನಗೆಟ್ ಜಲಪಾತಕ್ಕೆ ಹೋಗಿಬರಲು ಮೂರು ಕಿಲೋಮೀಟರಿನ ಮೇಲೆ ನಡೆಯಬೇಕು. ಮಕ್ಕಳನ್ನೂ ಮೊಣಕಾಲು ನೋವಿನ ಅತ್ತಿಯವರನ್ನೂ ಕಟ್ಟಿಕೊಂಡು ಒಂದೂವರೆ ತಾಸಿಗೆ ಕಡಿಮೆ ಆಗದ ದಾರಿ. ಅರ್ಧಕ್ಕೆ ಹೋಗಿ ಗಡಿಯಾರ ನೋಡಿ ಓಡಿ ಬರುವವರ ದಿಂಡಿ ಆ ದಾರಿಯಲ್ಲಿ ದಿನವೂ ಇರುತ್ತದೆ. ಮುಕ್ಕಾಲು ತಾಸೇ ಇದ್ದರೆ ಅರ್ಧ ಕಿಲೋಮೀಟರಿನ ಫೋಟೋ ಪಾಯಿಂಟ್ ದಾರಿ ಹಿಡಿದು ಸುಮ್ಮನಿರಬೇಕು. ಹಿಮನದಿಯೂ ಕಾಯುತ್ತಿಲ್ಲ. ಅದನ್ನು ಹತ್ತಿರದಿಂದ ನೋಡಲೆಂದು 1962ರಲ್ಲಿ ಪ್ರವಾಸಿ ಕೇಂದ್ರ ಕಟ್ಟಿದರು. ಅಂದಿನಿಂದ ಹಿಂದೆ ಸರಿಯುತ್ತಲೇ ಇದೆ. ಈಗ ಕೇಂದ್ರ ಇಲ್ಲಿ, ಹಿಮ ಕೆರೆಯ ಆಚೆ.

ಊರಿನಿಂದ ಹಿಮನದಿಗೆ ಸುಮಾರು 20 ಕಿಲೋಮೀಟರ್, ಹುಬ್ಬಳ್ಳಿ-ಧಾರವಾಡದಷ್ಟೇ. ಸಿಟಿ ಬಸ್ಸೂ ಇದೆ, ಆದರೆ ಹಿಮನದಿಗೆ ಎರಡೂವರೆ ಕಿಲೋಮೀಟರ್ ಇರುವಾಗ ಇಳಿಸಿ ಮುಂದೆ ಹೋಗುತ್ತದೆ. ಇದನ್ನು ಕಂಡುಹಿಡಿದು "ಬರೇ ಬಸ್ ಚಾರ್ಜಿನ್ಯಾಗ ಹಿಮಾಲಯ ನೋಡಿ ಬರತೇವಿ" ಎಂದು ಗುಂಪಿಗೆ ಸಂದೇಶ ಹಾಕುವ ಒಬ್ಬ ಮಾವ ಎಲ್ಲ ಕುಟುಂಬದಲ್ಲೂ ಇರುತ್ತಾರೆ. ಮೈ ಗಟ್ಟಿಯಿದ್ದವರಿಗೆ ಅದು ಒಳ್ಳೆಯ ದಾರಿಯೇ. ಉಳಿದ ಹತ್ತು ಮಂದಿಯನ್ನೂ ಎಳೆದುಕೊಂಡು ಹೋಗುವುದೇ ತಪ್ಪು.

ಕರಡಿಯ ವಿಷಯ ಇನ್ನೂ ಸ್ವಾರಸ್ಯ. ತೊರೆಯ ದಂಡೆಯಲ್ಲಿ ಕರಡಿ ಮೀನು ಹಿಡಿಯುವ ಫೋಟೋ ಪಟ್ಟಿಯಲ್ಲಿ ವರ್ಷವಿಡೀ ಇರುತ್ತದೆ. ಕರಡಿ ಅಲ್ಲಿಗೆ ಬರುವುದು ಸಾಲ್ಮನ್ ಮೀನಿಗಾಗಿ, ಸಾಲ್ಮನ್ ತೊರೆ ಏರುವುದು ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಸಾಲಿಗೆ ಸೂಟಿ ಏಪ್ರಿಲ್-ಮೇ. ಹೀಗಾಗಿ ನಮ್ಮ ಕಡೆಯ ಮಂದಿ ಮೇ ತಿಂಗಳಲ್ಲಿ ಹೋಗಿ, ಖಾಲಿ ತೊರೆಯ ಮುಂದೆ ನಿಂತು, ಕರಡಿ ಬಂದರೆ ಎಂಬ ಭಯದಲ್ಲಿ ಪಿಸುಮಾತಾಡಿ ಬರುತ್ತಾರೆ. ಮೇ ತಿಂಗಳಿಗೆ ಮಳೆ ಕಡಿಮೆ, ದರವೂ ಕಡಿಮೆ. ಆಗ ತಿಮಿಂಗಿಲ, ರೈಲು, ಹಿಮನದಿ ಆರಿಸಿಕೊಂಡು ಕರಡಿಯನ್ನು ಕೈಬಿಡುವುದು ಜಾಣತನ. ಜುಲೈಗೇ ಹೋದರೂ ಒಂದು ಮಾತು: ಕರಡಿ ಬರುವ ತೊರೆದಾರಿಗೆ ತಿಂಡಿ ಒಯ್ಯುವಂತಿಲ್ಲ. ಅವ್ವ ಸೀರೆಯ ಸೆರಗಿನಲ್ಲಿ ಮರೆಸಿ ತಂದ ಖಾರದ ರೊಟ್ಟಿಯನ್ನು ಕಾವಲಿನವರು ಕಾಣದಿರಬಹುದು, ಕರಡಿಯ ಮೂಗು ಬಿಡುವುದಿಲ್ಲ.

ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲಿಳಿದು ನಾಯಿಗಾಡಿ ಹತ್ತುವುದು ಎಲ್ಲಕ್ಕಿಂತ ದುಬಾರಿ, ತಲೆಗೆ 600 ಡಾಲರ್ ದಾಟುತ್ತದೆ. ಬೀಗರು ಆರಿಸುವುದು ಇದನ್ನೇ. "ಅವ್ರು ಹೆಲಿಕಾಪ್ಟರ್‌ನ್ಯಾಗ ಹೊಂಟಾರಂತ, ನಾವ್ ಕೆಳಗ ಟ್ರಾಲಿ ಬಸ್ಸಿನ್ಯಾಗ ಕುಂತು ಕೈ ಬೀಸೂದೇನು?" ಎಂದು ಮನೆಯಲ್ಲಿ ಮಾತು ಏಳುತ್ತದೆ. ಏಳಲಿ. ಸಣ್ಣ ಅಕ್ಷರದಲ್ಲಿ ಎರಡು ಸಾಲಿವೆ. ಒಂದು, ಹತ್ತುವ ಮೊದಲು ಎಲ್ಲರನ್ನೂ ಬಟ್ಟೆಬರೆ ಸಮೇತ ತೂಗುತ್ತಾರೆ; 250 ಪೌಂಡ್, ಅಂದರೆ 113 ಕಿಲೋ ದಾಟಿದವರಿಗೆ ಸಾಮಾನ್ಯವಾಗಿ ಹೆಚ್ಚಿನ ಹಣ. ಯಾರು ಎಲ್ಲಿ ಕೂರಬೇಕು ಎಂಬುದನ್ನು ಆ ತೂಕವೇ ನಿರ್ಧರಿಸುತ್ತದೆ. ಬೀಗತಿಯ ಪಕ್ಕ ಬೀಗತಿ, ಮಗಳ ಪಕ್ಕ ಅಳಿಯ ಎಂಬ ಮರ್ಯಾದೆ ಅಲ್ಲಿ ನಡೆಯದು. ಎರಡು, ಮೋಡ ಕೆಳಗಿಳಿದರೆ ಹಾರಾಟ ರದ್ದು, ಹಣ ವಾಪಸು. ಇದು ಅಪರೂಪವೇನಲ್ಲ. ಆದ್ದರಿಂದ ಹೆಲಿಕಾಪ್ಟರ್ ಬುಕ್ ಮಾಡಿದವರು ಅದನ್ನು ಮೊದಲ ಬಂದರಿಗೇ ಇಟ್ಟುಕೊಂಡು, ತಪ್ಪಿದರೆ ಮುಂದಿನ ಬಂದರಿನಲ್ಲಿ ನೋಡೋಣ ಎಂಬಂತೆ ಜಾಗ ಬಿಟ್ಟಿರಬೇಕು. ಅಗ್ಗದ ನಾಯಿಗಾಡಿಯೂ ಉಂಟು. ಅದು ಸಮುದ್ರದ ಮಟ್ಟದಲ್ಲಿ. ಬೇಸಿಗೆಗೆ ಅಲ್ಲಿ ಹಿಮವಿಲ್ಲ, ನಾಯಿಗಳು ಎಳೆಯುವುದು ಚಕ್ರದ ಬಂಡಿ. ಮೇಲೆ ಬುಕ್ ಮಾಡಿದ್ದೇವೋ ಕೆಳಗೆ ಬುಕ್ ಮಾಡಿದ್ದೇವೋ ನೋಡದೆ ಉಣ್ಣೆ ಟೋಪಿ ಹಾಕಿಕೊಂಡು ಕೆಸರಿನಲ್ಲಿ ಕೂತು ಬಂದವರು ಬಹಳ.

ಇನ್ನೊಂದು ಬಂದರು ಸ್ಕ್ಯಾಗ್ವೇ, ಸಾವಿರ ಚಿಲ್ಲರೆ ಜನರ ಊರು. 1897-98ರಲ್ಲಿ ಕೆನಡಾದ ಕ್ಲೊಂಡೈಕ್ ಕಡೆ ಜನ ನುಗ್ಗಿದ ಚಿನ್ನದ ಹುಚ್ಚಿಗೆ ಹುಟ್ಟಿ, ಆ ಹುಚ್ಚಿನ ನೆನಪು ಮಾರಿಯೇ ಬದುಕಿದೆ. 1898ರಿಂದ 1900ರೊಳಗೆ ಕಟ್ಟಿದ ವೈಟ್ ಪಾಸ್ ರೈಲು ಮೂರು ಅಡಿ ಅಗಲದ ಹಳಿಯ ಮೇಲೆ 20 ಮೈಲಿಯಲ್ಲಿ ಸುಮಾರು 3,000 ಅಡಿ ಏರುತ್ತದೆ. ಹತ್ತುವಾಗ ಎಡಗಡೆ ಕೂತವರಿಗೆ ಕಣಿವೆ, ಬಲಗಡೆಯವರಿಗೆ ಬಂಡೆಗಲ್ಲು. ಮೇಲೆ ಹೋದ ಮೇಲೆ ಎರಡೂ ಬದಿಯವರು ಜಾಗ ಬದಲಿಸಿಕೊಳ್ಳಿರಿ ಎಂದು ಹೇಳುತ್ತಾರೆ. ನಮ್ಮವರು ಅಷ್ಟರಲ್ಲಿ ಕಿಟಕಿಗೆ ಟವೆಲ್ ಹಾಕಿ ಸೀಟು ಹಿಡಿದಿರುತ್ತಾರೆ.

ಈ ರೈಲಿನಲ್ಲಿ ನಿಜವಾದ ಗುಂಡಿ ಇರುವುದು ಗಡಿಯಲ್ಲಿ. ಶಿಖರಕ್ಕೆ ಹೋಗಿ ಇಳಿಯದೆ ಅದೇ ಡಬ್ಬಿಯಲ್ಲಿ ಮರಳುವ ಪ್ರವಾಸ ಒಂದು. ಫ್ರೇಸರ್, ಕಾರ್‌ಕ್ರಾಸ್ ಎಂದು ಮುಂದಕ್ಕೆ ಹೋಗಿ ಬಸ್ಸಿನಲ್ಲಿ ಮರಳುವುದು ಇನ್ನೊಂದು. ಎರಡನೆಯದು ಕೆನಡಾ. ಪಾಸ್‌ಪೋರ್ಟೂ ಬೇಕು, ಭಾರತೀಯರಿಗೆ ಕೆನಡಾ ವೀಸಾನೂ ಬೇಕು. ಪಾಸ್‌ಪೋರ್ಟನ್ನು ಕ್ಯಾಬಿನ್ನಿನ ತಿಜೋರಿಯಲ್ಲಿ ಭದ್ರವಾಗಿಟ್ಟು ಬಂದ ಜಾಗ್ರತೆಯ ಮನುಷ್ಯ ಗಡಿಯ ತಪಾಸಣೆಯಲ್ಲಿ ಎಲ್ಲರಿಗಿಂತ ದಡ್ಡನಾಗುತ್ತಾನೆ. ಅಷ್ಟೆಲ್ಲ ಪಾರಾಗಿ ಕಾರ್‌ಕ್ರಾಸ್‌ನಲ್ಲಿ ನೋಡುವುದೇನು? ಜಗತ್ತಿನ ಅತಿ ಚಿಕ್ಕ ಮರುಭೂಮಿ ಎಂದು ಹೆಸರು ಮಾಡಿದ, ಒಂದು ಚದರ ಮೈಲಿಯಷ್ಟು ಮರಳು. ಹಿಮ ನೋಡಲು ಅರ್ಧ ಜಗತ್ತು ದಾಟಿ ಹೋದವರು ಅದರ ಮುಂದೆ ಸಾಲಾಗಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಚಿನ್ನ ತೊಳೆಯುವ ಪ್ರವಾಸವೂ ಉಂಟು. ಬಾಣಲೆ ಕೊಡುತ್ತಾರೆ, ನೀರಿನಲ್ಲಿ ತಿರುವಿದರೆ ಎಲ್ಲರಿಗೂ ನಾಲ್ಕು ಚೂರು ಸಿಗುತ್ತದೆ, ಯಾಕಂದರೆ ಮಣ್ಣಿಗೆ ಮೊದಲೇ ಬೆರೆಸಿರುತ್ತಾರೆ. ಮಕ್ಕಳಿಗೆ ಮೋಜು, ತಕರಾರಿಲ್ಲ. ಗದಗದವರು ಮಾತ್ರ ಇದಕ್ಕೆ ಡಾಲರ್ ಕೊಡುವ ಮುನ್ನ ಸ್ವಲ್ಪ ನಾಚಬೇಕು. ಕಪ್ಪತಗುಡ್ಡದಿಂದ ಇಳಿಯುವ ಡೋಣಿ, ಸೊರಟೂರು ಹಳ್ಳಗಳ ಮರಳನ್ನು ಮರದ ತೊಟ್ಟಿಯಲ್ಲಿ ತೊಳೆದು ಜಲಗಾರರು ಚಿನ್ನ ತೆಗೆಯುತ್ತಿದ್ದುದು ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೇ ದಾಖಲಾಗಿದೆ. ಅವರಿಗೆ ಯಾರೂ ಮೊದಲೇ ಬೆರೆಸಿ ಇಟ್ಟಿರಲಿಲ್ಲ.

ಮತ್ತೊಂದು ಬಂದರು ಕೆಚಿಕನ್, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ. ಕೊಡೆ ಸಾಲದು, ತಲೆ ಮುಚ್ಚುವ ರೇನ್‌ಕೋಟು ಬೇಕು. ಕೆಲವು ಹಡಗು ಊರಿನಿಂದ 11 ಕಿಲೋಮೀಟರ್ ಆಚೆ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ನಿಮ್ಮದು ಅಂಥ ಹಡಗೋ ನೋಡಿಕೊಂಡು ಬಸ್ಸಿನ ಹೊತ್ತು ಕಳೆದು ಲೆಕ್ಕ ಹಾಕಬೇಕು. ಕೊಡಲಿ ಹಿಡಿದು ಕಟ್ಟಿಗೆ ಕಡಿಯುವ ಸ್ಪರ್ಧೆಯನ್ನು ಟಿಕೆಟ್ ಕೊಟ್ಟು ನೋಡುವುದು ಈ ಊರಿನ ವಿಶೇಷ. ಸಾಲ್ಮನ್ ಊಟದ ಪ್ಯಾಕೇಜನ್ನು ಇಡೀ ಶಾಕಾಹಾರಿ ಬಳಗಕ್ಕೆ ಬುಕ್ ಮಾಡುವ ಮಗನಿಗೆ ಮಾತ್ರ ಯಾರಾದರೂ ಹೇಳಬೇಕು: ಮೀನು ತೆಗೆದರೆ ಅಲ್ಲಿ ಉಳಿಯುವುದು ಅನ್ನ, ಬೀನ್ಸ್, ಸಲಾಡ್ ಮತ್ತು ಅಪ್ಪಾರ ಮುಖ.

ಅಂದಹಾಗೆ ಇಡೀ ಯಾತ್ರೆಯ ಒಳ್ಳೆಯ ದಿನಕ್ಕೆ ಟಿಕೆಟ್ಟೇ ಇಲ್ಲ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಪ್ರವೇಶ. ಯಾರೂ ದಡಕ್ಕೆ ಇಳಿಯುವುದಿಲ್ಲ; ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ, ಹಡಗು ಹಿಮಗೋಡೆಯ ಮುಂದೆ ನಿಧಾನ ತಿರುಗುತ್ತದೆ. ಕೊಳ್ಳಲು ಏನೂ ಇಲ್ಲದ್ದರಿಂದ ನಮ್ಮ ಮಂದಿಗೆ ಅವತ್ತು ರಜೆ. ಕಾಕಾ ಬಫೆಯಲ್ಲಿ, ಮಕ್ಕಳು ಈಜುಕೊಳದಲ್ಲಿ, ಬೀಗರು ನಿದ್ದೆಯಲ್ಲಿ. ಎಲ್ಲ ಹಡಗೂ ಇಲ್ಲಿಗೆ ಹೋಗುವುದಿಲ್ಲ ಎಂಬುದನ್ನು ಕ್ಯಾಬಿನ್ನಿಗೆ ಬಾಲ್ಕನಿ ಬೇಕೋ ಬೇಡವೋ ಎಂದು ಮೂರು ವಾರ ವಾದಿಸಿದವರು ಬುಕ್ ಮಾಡುವಾಗ ನೋಡಿಕೊಳ್ಳಬಹುದಿತ್ತು.

ಹಡಗು ಕಂಪನಿಯಿಂದ ಕೊಳ್ಳಬೇಕೋ ದಡದವರಿಂದಲೋ? ದುರ್ಗದಬೈಲಿನಲ್ಲಿ ಚೌಕಾಸಿ ಮಾಡಿ ಪಳಗಿದ ಕಾಕುಗೆ ಇದರಲ್ಲಿ ಸಂಶಯವೇ ಇಲ್ಲ. ಅದೇ ದೋಣಿ ಹೊರಗೆ ಕಡಿಮೆ ದರಕ್ಕೆ ಸಿಗುತ್ತದೆ, ನಿಜ. ಕಂಪನಿ ಹೆಚ್ಚಿನ ಹಣಕ್ಕೆ ಮಾರುವುದು ಕಾಯುವಿಕೆಯನ್ನು. ತನ್ನ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ಹಡಗೇ ಒಂದು ಬಂದರು ತಪ್ಪಿಸಿದರೆ ಕಂಪನಿಯ ಟಿಕೆಟ್ಟಿನ ಹಣ ತಾನಾಗಿ ವಾಪಸು ಬರುತ್ತದೆ, ಹೊರಗಿನವರದ್ದು ಅವರವರ ಷರತ್ತು. ಜುನೊದಲ್ಲಿ ಹಡಗು ಹೋದರೆ ಹಿಂದೆ ಬೆನ್ನಟ್ಟಲು ಟ್ಯಾಕ್ಸಿಗೆ ರಸ್ತೆಯಿಲ್ಲ. ಹಾಗಾಗಿ ಊರಿನ ಹತ್ತಿರದ ತಿಮಿಂಗಿಲಕ್ಕೆ ಹೊರಗಿನ ದೋಣಿ ಸರಿ, ಎರಡು ತಾಸು ಕೈಯಲ್ಲಿಟ್ಟುಕೊಂಡು ಮರಳಬೇಕು. ಗಡಿ ದಾಟುವ ಬಸ್ಸಿಗೆ ಕಂಪನಿಯೇ ವಾಸಿ. ಮತ್ತು ಎಲ್ಲರೂ ಹಡಗಿನ ಸಮಯವನ್ನೇ ನೋಡಬೇಕು. ಅಲಾಸ್ಕಾ ಸಿಯಾಟಲ್‌ಗಿಂತ ಒಂದು ತಾಸು ಹಿಂದೆ; ಅಪ್ಪಾರ ಕೈಗಡಿಯಾರ ಹುಬ್ಬಳ್ಳಿಯಲ್ಲೇ ಉಳಿದು ಹದಿಮೂರೂವರೆ ತಾಸು ಮುಂದೆ ಇರುತ್ತದೆ.

ಇಷ್ಟೆಲ್ಲಕ್ಕೂ ಸುಲಭದ ಮದ್ದು, ಗುಂಪು ಒಡೆಯುವುದು. ಟಿಕೆಟ್ ತಲೆಗೊಂದು, ಹುಡುಗರು ಜಿಪ್‌ಲೈನಿಗೆ, ಹಿರಿಯರು ರೈಲಿಗೆ, ಸಂಜೆ ಊಟಕ್ಕೆ ಎಲ್ಲರೂ ಸೇರಿದರಾಯಿತು. ಆದರೆ "ಹೋದ್ರ ಎಲ್ಲಾರೂ ಒಂದ ಕಡೆ, ಇಲ್ಲಾಂದ್ರ ಬ್ಯಾಡ" ಎಂಬ ಠರಾವು ಗುಂಪಿನಲ್ಲಿ ಪಾಸಾಗಿ ಆಗಿರುತ್ತದೆ. ಕೊನೆಗೆ ಹನ್ನೊಂದು ಮಂದಿಯ ಮೊಣಕಾಲು, ವಯಸ್ಸು, ತೂಕ, ಮುನಿಸು ಎಲ್ಲಕ್ಕೂ ಹೊಂದುವ ಒಂದೇ ಪ್ರವಾಸ ಉಳಿಯುತ್ತದೆ: ಊರು ಸುತ್ತಿಸಿ ಟೀ-ಶರ್ಟು ಅಂಗಡಿಯ ಮುಂದೆ ಇಳಿಸುವ ಬಸ್ಸು.

ಸಿಯಾಟಲ್‌ನಿಂದ ಹೊರಟ ಹಡಗು ಮರಳುವ ಮುನ್ನ ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ನೋಡಲು ಒಳ್ಳೆಯ ಊರು, ನಿಲ್ಲುವ ಕಾರಣ ಬೇರೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಓಡಾಡಿಸಬಾರದು ಎಂಬ 1886ರ ಕಾನೂನಿನ ಸಲುವಾಗಿ ನಡುವೆ ಒಂದು ಪರದೇಶ ಮುಟ್ಟಲೇಬೇಕು. ಆ ನಾಲ್ಕು ತಾಸಿಗಾಗಿ ಹುಬ್ಬಳ್ಳಿಯ ಹನ್ನೊಂದು ಮಂದಿ ಕೆನಡಾ ವೀಸಾ ಮಾಡಿಸಬೇಕು, ಅಮೆರಿಕದ ವೀಸಾ ಮತ್ತೆ ಒಳಗೆ ಬರಲು ಬಿಡುವಂಥದ್ದೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸುವುದಿಲ್ಲ. ಹಡಗು ತಲುಪುವಾಗ ರಾತ್ರಿ ಎಂಟು. ಅಲ್ಲಿಂದ ಮುಕ್ಕಾಲು ತಾಸು ಬಸ್ಸಿನಲ್ಲಿ ಹೋಗಿ ಬುಚಾರ್ಟ್ ಹೂದೋಟವನ್ನು ಕತ್ತಲಲ್ಲಿ ದೀಪ ಹಾಕಿ ತೋರಿಸುವ ಪ್ಯಾಕೇಜಿಗೆ ಬೀಗರು ಈಗಾಗಲೇ ಹೆಸರು ಕೊಟ್ಟಿದ್ದಾರೆ.