ಒಪ್ಪದ ಯೋಜನೆಗೂ ತೆರಿಗೆ ಕಟ್ಟುವುದರ ಬಗ್ಗೆ

ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸುವ ಕಾಲ ಬಂತೆಂದರೆ ಕೋಲಾರದ ನನ್ನ ಚಿಕ್ಕ ಕಚೇರಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ‘ಕಟ್ಟೋರು ನಾವು, ಹಂಚೋರು ಅವರು. ಯಾವುದಕ್ಕೆ ಖರ್ಚು ಮಾಡಬೇಕು ಅಂತ ನಮ್ಮನ್ನ ಒಂದು ಮಾತು ಕೇಳ್ತಾರಾ ಸಾರ್?’ ಹೀಗೆನ್ನುವವರು ಯಾವುದೋ ಒಂದೇ ಪಕ್ಷಕ್ಕೆ ಸೇರಿದವರಲ್ಲ. ಒಬ್ಬರಿಗೆ ಮಹಿಳೆಯರ ಉಚಿತ ಬಸ್ ಪ್ರಯಾಣ ಸರಿಬೀಳುವುದಿಲ್ಲ, ಇನ್ನೊಬ್ಬರಿಗೆ ಪ್ರತಿಮೆಗಳು, ಮತ್ತೊಬ್ಬರಿಗೆ ಕಾಶಿ ಯಾತ್ರೆಯ ಸಹಾಯಧನ, ಬೇರೊಬ್ಬರಿಗೆ ದೊಡ್ಡ ಕಂಪನಿಗಳಿಗೆ ಕೊಡುವ ರಿಯಾಯಿತಿ. ಸಿಟ್ಟಿನ ಗುರಿ ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ: ನಾನು ಮನಸಾರೆ ವಿರೋಧಿಸುವ ಕೆಲಸಕ್ಕೆ ನನ್ನ ದುಡಿಮೆಯ ಹಣವನ್ನು ಬಳಸಲು ಸರ್ಕಾರಕ್ಕೆ ಯಾವ ಹಕ್ಕಿದೆ?

ಹಕ್ಕಿದೆ, ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಅಂದರೆ ಬಹುಮತ ಪಡೆದವರು ಖರ್ಚು ಮಾಡುತ್ತಾರೆ, ಸೋತವರು ಸುಮ್ಮನಿರಬೇಕು ಎಂಬ ಮಾತು, ನನಗೆ ಯಾವತ್ತೂ ಸಾಕೆನಿಸಿಲ್ಲ.

ಮೊದಲಿಗೆ ಕಾನೂನು ಏನು ಹೇಳುತ್ತದೆಂದು ನೋಡೋಣ. ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಹಾಗೆ ವಸೂಲಾದ ಹಣ 266ನೇ ವಿಧಿಯಂತೆ ಸಂಚಿತ ನಿಧಿಗೆ ಸೇರುತ್ತದೆ. ಅಲ್ಲಿಂದ ಅದನ್ನು ತೆಗೆಯಬೇಕಾದರೆ ಶಾಸನಸಭೆಯ ಒಪ್ಪಿಗೆ ಬೇಕು. ಆ ನಿಧಿಯೊಳಗೆ ಹೋದ ಮೇಲೆ ಯಾರ ರೂಪಾಯಿ ಯಾವುದೆಂದು ಗುರುತಿಸುವ ದಾರಿಯೇ ಇಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ಅಂತರವನ್ನು ಸುಪ್ರೀಂ ಕೋರ್ಟ್ 1954ರಷ್ಟು ಹಿಂದೆಯೇ, ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಶುಲ್ಕವನ್ನು ಒಂದು ನಿರ್ದಿಷ್ಟ ಸೇವೆಗಾಗಿ ಪಡೆಯಲಾಗುತ್ತದೆ. ತೆರಿಗೆಯನ್ನು ಸಾರ್ವಜನಿಕ ಉದ್ದೇಶಕ್ಕಾಗಿ, ಕಟ್ಟಿದವನಿಗೆ ಇಂಥದ್ದೇ ಪ್ರತಿಫಲ ಸಿಗುತ್ತದೆಂಬ ಭರವಸೆ ಇಲ್ಲದೆ, ಕಡ್ಡಾಯವಾಗಿ ವಸೂಲು ಮಾಡಲಾಗುತ್ತದೆ. ಹಾಗಾಗಿ ‘ನನ್ನ ದುಡ್ಡಿಗೆ ನನಗೇನು ಸಿಕ್ಕಿತು’ ಎಂಬ ಪ್ರಶ್ನೆಯನ್ನು ಜನನ ಪ್ರಮಾಣಪತ್ರದ ಶುಲ್ಕ ಕಟ್ಟಿದವರು ಕೇಳಬಹುದು, ಆದಾಯ ತೆರಿಗೆ ಕಟ್ಟಿದವರು ಅದೇ ಅರ್ಥದಲ್ಲಿ ಕೇಳಲಾರರು. ಇಂಥ ಉದ್ದೇಶಕ್ಕೇ ಎಂದು ಹೆಸರಿಟ್ಟು ವಸೂಲು ಮಾಡುವ ಕರಗಳೂ ನಮ್ಮಲ್ಲಿವೆ. ಆಸ್ತಿ ತೆರಿಗೆಯ ರಸೀದಿಯನ್ನು ಗಮನಿಸಿದರೆ ಗ್ರಂಥಾಲಯ ಕರವೆಂದು ನೂರಕ್ಕೆ ಆರು, ಭಿಕ್ಷುಕರ ಕರವೆಂದು ನೂರಕ್ಕೆ ಮೂರು ಸೇರಿರುವುದು ಕಾಣುತ್ತದೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಅದನ್ನು ಗೊಣಗದೆ ಕಟ್ಟುತ್ತಾರೆ. (ಆ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದಕ್ಕೆ ಮಾತ್ರ ನಾವು ಗಟ್ಟಿಯಾಗಿಯೇ ಗೊಣಗಬೇಕು.)

ಇನ್ನು, ‘ಕಟ್ಟೋರು ನಾವು’ ಎನ್ನುವಾಗ ಆ ‘ನಾವು’ ಯಾರು? ನನ್ನ ಮುಂದೆ ಫಾರಂ 16 ಹಿಡಿದು ಕೂರುವ ನೌಕರರು, ಬ್ಯಾಲೆನ್ಸ್ ಶೀಟ್ ತರುವ ಅಂಗಡಿಯವರು ಮಾತ್ರ ತೆರಿಗೆದಾರರೆಂದು ಅವರೂ ನಂಬಿದ್ದಾರೆ, ಬಹಳ ಮಂದಿ ರಾಜಕಾರಣಿಗಳೂ ನಂಬಿದ್ದಾರೆ. ಈ ನಂಬಿಕೆ ಸುಳ್ಳು. ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡ 14.3ರಿಂದ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಅಲ್ಲಿಂದ 21.17ಕ್ಕೆ ಏರಿಸಿತು. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸ್‌ಗಳನ್ನು ತರುವ ಟೆಂಪೊದ ಬಾಡಿಗೆಯೊಳಗೆ ಆ ತೆರಿಗೆ ಕುಳಿತಿದೆ. ಅದನ್ನು ಹೊರುವವನು ಆದಾಯ ತೆರಿಗೆಯ ಹೆಸರನ್ನೂ ಎತ್ತಬೇಕಿಲ್ಲದ ರೈತ. ಸೋಪು ಕೊಳ್ಳುವ ಕೂಲಿಯಾಕೆ ಜಿಎಸ್‌ಟಿ ಕೊಡುತ್ತಾಳೆ. ಪಾನ್ ಕಾರ್ಡ್ ಇಲ್ಲದವರು ತೆರಿಗೆ ಕಟ್ಟುವುದಿಲ್ಲ ಎಂಬುದು ಕೇವಲ ನಮ್ಮ ಕಣ್ಣಿನ ದೋಷ. ಆದ್ದರಿಂದ ತೆರಿಗೆದಾರರಿಗೆ ಯೋಜನೆಗಳನ್ನು ತಡೆಯುವ ಅಧಿಕಾರ ಕೊಡಬೇಕು ಎನ್ನುವವರು ಆ ಅಧಿಕಾರವನ್ನು ಆಕೆಗೂ ಕೊಡಲು ಸಿದ್ಧರಿರಬೇಕು, ಮತ್ತು ಆಕೆ ವಿರೋಧಿಸುವ ಖರ್ಚುಗಳ ಪಟ್ಟಿಯಲ್ಲಿ ನಮ್ಮ ಎಕ್ಸ್‌ಪ್ರೆಸ್‌ವೇಗಳೂ ಇರಬಹುದೆಂದು ತಿಳಿದಿರಬೇಕು.

ಇಲ್ಲಿ ನನ್ನ ಕಕ್ಷಿದಾರರ ದೂರಿನಲ್ಲಿರುವ ನ್ಯಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ, ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ, ಸಿಗುವುದಿಲ್ಲ. ಆದಾಯ ತೆರಿಗೆಯ ಅಳತೆ ಒಪ್ಪುವಂಥದ್ದೇ. ಆದರೆ ಜಿಎಸ್‌ಟಿ ನೋಂದಣಿ ನಿಂತಿರುವುದು ವಹಿವಾಟಿನ ಮೇಲೆ, ಲಾಭದ ಮೇಲಲ್ಲ. ವಹಿವಾಟು ದೊಡ್ಡದು, ಕೈಗೆ ಉಳಿಯುವುದು ಅಲ್ಪ ಎಂಬಂಥ ಕಿರಾಣಿ ಅಂಗಡಿಯವನ ಹೆಂಡತಿಗೆ ಈ ನಿಯಮದಿಂದ ಹಣ ತಪ್ಪುತ್ತದೆ. ಯಾವ ತೆರಿಗೆಯ ದಾಖಲೆಗೂ ಸಿಗದೆ ಬಡ್ಡಿ ವ್ಯವಹಾರ ಮಾಡುವವನ ಮನೆಗೆ ಹಣ ಬರುತ್ತದೆ. ಇದು ಯೋಜನೆಯ ರಚನೆಯಲ್ಲಿನ ದೋಷ. ಇದರ ವಿರುದ್ಧ ವಾದಿಸಬೇಕು, ನಾನೂ ವಾದಿಸಿದ್ದೇನೆ. ಆದರೆ ದೋಷವಿರುವ ಯೋಜನೆಗೆ ನನ್ನ ಪಾಲು ಕೊಡುವುದಿಲ್ಲ ಎನ್ನುವುದು ಬೇರೆಯದೇ ಮಾತು.

ಏಕೆಂದರೆ ಆ ಮಾತನ್ನು ಕೊನೆಯವರೆಗೂ ಎಳೆದುಕೊಂಡು ಹೋದವರನ್ನು ನಾನು ಕಂಡಿಲ್ಲ. 2025-26ರ ರಾಜ್ಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ರೂಪಾಯಿ ಇಡಲಾಯಿತು. ಅದೇ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯಿತ್ತು. ಮೊದಲ ಅಂಕಿಯನ್ನು ಹಿಡಿದು ಜಗಳವಾಡುವವರಿಗೆ ಎರಡನೆಯದು ಕಾಣುವುದಿಲ್ಲ. ಮದ್ಯವನ್ನು ಪಾಪವೆಂದು ಬಗೆಯುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಇವೆ. ಮಕ್ಕಳ ಶಾಲೆಯ ಮೇಷ್ಟರ ಸಂಬಳದಲ್ಲಿ, ಊರಿನ ರಸ್ತೆಯ ಡಾಂಬರಿನಲ್ಲಿ ಬಾರ್‌ಗಳ ಹಣವೂ ಬೆರೆತಿದೆಯೆಂದು ಆ ಮನೆಗಳಲ್ಲಿ ಯಾರೂ ಶಾಲೆ ಬಿಡಿಸಿಲ್ಲ, ಹೊಲದ ಬದುವಿನ ಮೇಲೆ ನಡೆದುಹೋಗಿಲ್ಲ. ಬರುವ ಹಣದ ಮೂಲವನ್ನು ಪ್ರಶ್ನಿಸದ ನಾವು ಹೋಗುವ ಹಣದ ದಾರಿಯನ್ನು ಮಾತ್ರ ನಮ್ಮ ಅಂತಃಕರಣಕ್ಕೆ ತಕ್ಕಂತೆ ತಿರುಗಿಸಬೇಕೆಂದರೆ ಅದಕ್ಕೆ ತೂಕ ಇರುವುದಿಲ್ಲ.

ಕೋಲಾರದವರಾದ ನಾವಂತೂ ಈ ವಾದವನ್ನು ಬಹಳ ಎಚ್ಚರದಿಂದ ಎತ್ತಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಧರಣಿ ಕೂತರು. ಕೇಂದ್ರದ ತೆರಿಗೆಗಳಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿದ್ದ ಶೇಕಡ 4.713ರಿಂದ 15ನೇ ಆಯೋಗದ ಅವಧಿಯಲ್ಲಿ 3.647ಕ್ಕೆ ಇಳಿದದ್ದು ಅನ್ಯಾಯವೆಂದು ನಾನೂ ನಂಬುತ್ತೇನೆ. ಆದರೆ ಸೂತ್ರ ಬದಲಿಸಿ ಎಂದು ಕೇಳುವುದು ಒಂದು, ನಾವು ದುಡಿದದ್ದು ನಮಗೇ ಎನ್ನುವುದು ಇನ್ನೊಂದು. ಎರಡನೆಯದನ್ನು ನಾವು ಒಪ್ಪಿದ ಮರುದಿನ ಬೆಂಗಳೂರಿನವರು ಅದೇ ಮಾತನ್ನು ನಮಗೆ ತಿರುಗಿ ಹೇಳಬಹುದು. ರಾಜ್ಯದ ತೆರಿಗೆಯ ದೊಡ್ಡ ಪಾಲು ಹುಟ್ಟುವುದು ಅಲ್ಲಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು, ದಿನಕ್ಕೆ 440 ದಶಲಕ್ಷ ಲೀಟರಿನ ಲೆಕ್ಕದಲ್ಲಿ, ನಮ್ಮ 126 ಕೆರೆಗಳಿಗೆ ಎತ್ತಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಗೆ ಸಾವಿರ ಕೋಟಿಗೂ ಮೀರಿ ಖರ್ಚಾಗಿದೆ. ಪಂಪುಗಳ ವಿದ್ಯುತ್ತಿನ ವೆಚ್ಚ ಅದರ ಮೇಲಿನದು. ವೈಟ್‌ಫೀಲ್ಡ್‌ನಲ್ಲಿ ನಲ್ಲಿ ಒಣಗಿ ಟ್ಯಾಂಕರ್‌ಗೆ ಕಾಯುವ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ, ಕೋಲಾರದ ಕೆರೆಗಾಗಿ ನಾನೇಕೆ ಕೊಡಬೇಕು ಎಂದರೆ ನಮ್ಮ ಬಳಿ ಏನು ಉತ್ತರವಿದೆ? ರಾಜ್ಯ ಒಂದು, ಖಜಾನೆ ಒಂದು ಎಂಬ ಉತ್ತರವೊಂದೇ. ಅದನ್ನು ನಮಗೆ ಬೇಕಾದಾಗ ಮಾತ್ರ ಹೊರತೆಗೆಯಲಾಗದು.

ಆ ಯೋಜನೆಯ ವಿರೋಧ ನಮ್ಮಲ್ಲೇ ಹೇಗೆ ನಡೆಯಿತೆಂಬುದನ್ನೂ ನೆನೆಯಬೇಕು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ತಿಂಗಳೊಳಗೆ ನೊರೆ ಕಾಣಿಸಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು, ಇಲ್ಲವಾದರೆ ಅಂತರ್ಜಲ ಕೆಡುತ್ತದೆ ಎಂದವರು ಹೈಕೋರ್ಟಿಗೆ ಹೋದರು. ನೀರು ನಿಂತಿತು, ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೊಮ್ಮೆ ತಡೆ ಬಂತು, ಆ ಮೇಲೆ ಅದೂ ತೆರವಾಯಿತು. ಮೂರನೇ ಹಂತದ ಬೇಡಿಕೆ ಈಗಲೂ ನಿಂತಿಲ್ಲ, ಅದು ನನ್ನ ಬೇಡಿಕೆಯೂ ಹೌದು. ಹೀಗೆ ವಿರೋಧಿಸಿದವರಲ್ಲಿ ಯಾರೂ ತೆರಿಗೆ ಕಟ್ಟುವುದಿಲ್ಲ ಎಂದದ್ದನ್ನು ನಾನು ಕೇಳಲಿಲ್ಲ. ಅವರು ನೀರಿನ ಮಾದರಿ ಹಿಡಿದು ಪ್ರಯೋಗಾಲಯಕ್ಕೆ, ನ್ಯಾಯಾಲಯಕ್ಕೆ ಅಲೆದರು. ಒಂದು ವೇಳೆ ಅವರೆಲ್ಲ ತಮ್ಮ ಪಾಲಿನ ಹಣ ತಡೆಹಿಡಿದಿದ್ದರೂ ಆಗಬೇಕಾಗಿದ್ದ ಕೆಲಸ, ಅಂದರೆ ಇನ್ನೂ ಒಂದು ಶುದ್ಧೀಕರಣ ಘಟಕ, ಅದಕ್ಕೂ ತೆರಿಗೆಯ ಹಣವೇ ಬೇಕಾಗಿತ್ತು.

ಹಾಗಾದರೆ ತೆರಿಗೆ ನಿರಾಕರಣೆ ಎಂದೂ ಸರಿಯಲ್ಲವೇ? ನಾನು ಅಷ್ಟು ದೂರ ಹೋಗಲಾರೆ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲ, ಸಿದ್ದಾಪುರ, ಹಿರೇಕೆರೂರಿನ ರೈತರು ನಡೆಸಿದ ಕರನಿರಾಕರಣೆ ನಮ್ಮ ಇತಿಹಾಸದ ದೊಡ್ಡ ಅಧ್ಯಾಯ. ಅವರು ಜಮೀನು ಕಳೆದುಕೊಂಡರು, ಜೈಲಿಗೆ ಹೋದರು. ಆದರೆ ಅವರು ಒಂದು ಯೋಜನೆಯನ್ನು ವಿರೋಧಿಸುತ್ತಿರಲಿಲ್ಲ. ತಮ್ಮನ್ನು ಕೇಳದೆ ಆಳುವವರ ಅಧಿಕಾರವನ್ನೇ ವಿರೋಧಿಸುತ್ತಿದ್ದರು. ನಮ್ಮ ಹಳೆಯ ಮೈಸೂರಿನ ಸ್ಥಿತಿಯೂ ಬಹಳ ಬೇರೆಯಿರಲಿಲ್ಲ. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತವರು ಭೂಮಾಲೀಕರು ಮತ್ತು ವರ್ತಕರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೇರವಾಗಿ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳ ಯಂತ್ರಗಳಿಗೆ ಹೋಯಿತು. ಬೆಂಗಳೂರಿಗೇ ಅದು ಬಂದದ್ದು 1905ರಲ್ಲಿ. ತಂತಿ ಹಾದುಹೋದ ಊರುಗಳಲ್ಲಿ ಕಂದಾಯ ಕಟ್ಟುತ್ತಿದ್ದವರನ್ನು ಕೇಳಿದವರಿಲ್ಲ, ಕೇಳಬೇಕಾದ ವ್ಯವಸ್ಥೆಯೂ ಇರಲಿಲ್ಲ. ಅಂದಿನ ರೈತ ‘ನನ್ನ ದುಡ್ಡು, ನನ್ನ ಮಾತೇ ಇಲ್ಲ’ ಎಂದಿದ್ದರೆ ಅದು ಅಕ್ಷರಶಃ ನಿಜ. ಮತವಿರುವ ನಾವು ಹೇಳಿದರೆ ಅಷ್ಟು ನಿಜವಲ್ಲ.

ಮತವಿದ್ದರೂ ಸಾಲದ ಒಂದು ಜಾಗವನ್ನು ಸಂವಿಧಾನವೇ ಗುರುತಿಸಿದೆ. ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕೆ ಅಥವಾ ಪೋಷಣೆಗೆಂದೇ ವಿನಿಯೋಗವಾಗುವ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎನ್ನುತ್ತದೆ 27ನೇ ವಿಧಿ. ಹಜ್ ಸಬ್ಸಿಡಿಯನ್ನು ಇದರಡಿ ಪ್ರಶ್ನಿಸಿದಾಗ, ತೆರಿಗೆಯ ಗಣನೀಯ ಭಾಗ ಒಂದು ಧರ್ಮಕ್ಕೆ ಹೋದರೆ ಮಾತ್ರ ವಿಧಿಯ ಉಲ್ಲಂಘನೆಯಾಗುತ್ತದೆ, ಸಣ್ಣ ಭಾಗ ಹೋದರೆ ಅಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕುಂಭಮೇಳದಂಥವಕ್ಕೂ ಸರ್ಕಾರ ಖರ್ಚು ಮಾಡುವುದನ್ನು ಜೊತೆಗೇ ನೆನಪಿಸಿತು. ಸಣ್ಣ ಭಾಗ, ದೊಡ್ಡ ಭಾಗ ಎಂಬ ಈ ಲೆಕ್ಕ ನನಗೆ ಹಿಡಿಸಿಲ್ಲ. ಅಂತಃಕರಣದ ತಕರಾರಿಗೆ ಶೇಕಡಾವಾರು ಇರುವುದಿಲ್ಲ. ಆದರೂ ಆ ಸಬ್ಸಿಡಿ 2018ರಲ್ಲಿ ನಿಂತದ್ದು ಯಾರೂ ತೆರಿಗೆ ತಡೆಹಿಡಿದದ್ದರಿಂದಲ್ಲ, ನ್ಯಾಯಾಲಯದ ನಿರ್ದೇಶನ ಮತ್ತು ಸರ್ಕಾರದ ತೀರ್ಮಾನದಿಂದ.

ಆಯ್ಕೆಯ ಒಂದು ಸಣ್ಣ ಕಿಟಕಿಯನ್ನಾದರೂ ಇಡಬಹುದೆಂದು ನನಗೆ ಆಗಾಗ ಅನಿಸುತ್ತದೆ. ಇಟಲಿಯಲ್ಲಿ ಆದಾಯ ತೆರಿಗೆಯ ಸಾವಿರಕ್ಕೆ ಎಂಟು ಪಾಲು ಸರ್ಕಾರಕ್ಕೋ ಯಾವುದಾದರೂ ಮಾನ್ಯ ಧಾರ್ಮಿಕ ಸಂಸ್ಥೆಗೋ ಎಂಬುದನ್ನು ಜನರೇ ಸೂಚಿಸುತ್ತಾರೆ. ಲಕ್ಷಾಧೀಶನದೂ ಗುಮಾಸ್ತನದೂ ಅಲ್ಲಿ ಒಂದೊಂದೇ ಸಹಿ. ನಮ್ಮಲ್ಲಿ ಅದಕ್ಕೆ ಹತ್ತಿರದ್ದೆಂದರೆ ಆದಾಯ ತೆರಿಗೆಯಲ್ಲಿ 80ಜಿ ಎಂದು ಹೆಸರಾದ ವಿನಾಯಿತಿ: ನಾವು ನಂಬುವ ಸಂಸ್ಥೆಗೆ ದಾನ ಕೊಟ್ಟು ಅದರ ಪೂರ್ತಿ ಅಥವಾ ಅರ್ಧದಷ್ಟನ್ನು ಆದಾಯದಿಂದ ಕಳೆಯುವ ಅವಕಾಶ. ಹೊಸ ತೆರಿಗೆ ಪದ್ಧತಿಯಲ್ಲಿ ಅದಿಲ್ಲ, ಮತ್ತು ನನ್ನ ಬಳಿಗೆ ಬರುವವರಲ್ಲಿ ಬಹುತೇಕರು ಈಗ ಹೊಸ ಪದ್ಧತಿಗೆ ಹೊರಳಿದ್ದಾರೆ. ಆ ಕಿಟಕಿ ಮುಚ್ಚಿದ್ದಕ್ಕೆ ಯಾರೊಬ್ಬರೂ ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ. ಆಯ್ಕೆಯ ಹಂಬಲ ಮಾತಿನಲ್ಲಿದ್ದಷ್ಟು ಆಚರಣೆಯಲ್ಲಿ ಇಲ್ಲವೆಂದು ಇದರಿಂದ ಊಹಿಸಿದ್ದೇನೆ.

ನಾನು ವಿರೋಧಿಸುವ ಯೋಜನೆ ಯಾವುದೆಂದು ಕೇಳಿದರೆ, ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ. ಕೋಲಾರದಲ್ಲಿದ್ದುಕೊಂಡು ಹೀಗೆನ್ನುವುದು ಹಲವು ಸ್ನೇಹಿತರಿಗೆ ದ್ರೋಹದಂತೆ ಕಾಣುತ್ತದೆ. 2012ರಲ್ಲಿ 8,323 ಕೋಟಿಯೆಂದು ಶುರುವಾದದ್ದು 2014ರಲ್ಲಿ 12,912 ಕೋಟಿಯಾಯಿತು, ಈಗ 23,000 ಕೋಟಿಯನ್ನು ದಾಟಿದೆ. 24.01 ಟಿಎಂಸಿ ನೀರು ಸಿಗುತ್ತದೆಂಬುದು ಯೋಜನೆಯ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಆ ಪ್ರದೇಶದಲ್ಲಿ ದೊರೆಯುವುದು 9.55 ಟಿಎಂಸಿ ಎಂದಿತ್ತು. ದಕ್ಷಿಣ ಕನ್ನಡದವರು ನೇತ್ರಾವತಿಯ ಚಿಂತೆಯಿಂದ ಇದನ್ನು ವಿರೋಧಿಸುತ್ತಾರೆ, ನಾನು ಇಷ್ಟು ಖರ್ಚಿಗೆ ನಮ್ಮ ಕೆರೆಗೆ ಎಷ್ಟು ನೀರು ತಲುಪೀತೆಂಬ ಚಿಂತೆಯಿಂದ. ಇಬ್ಬರ ತೆರಿಗೆಯೂ ಅದರಲ್ಲಿದೆ.

ಕೊಟ್ಟಾಗಿದೆ, ಮುಂದೆಯೂ ಕೊಡುತ್ತೇನೆ. ಅದಕ್ಕೆ ಬದಲಾಗಿ ನನಗೆ ಬೇಕಾದದ್ದು ಲೆಕ್ಕ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್-ಸೆಪ್ಟೆಂಬರಿನಲ್ಲಿ, ಜಮಾಬಂದಿ ನಡೆಯುತ್ತದೆ. ಖರ್ಚಿನ ಪುಸ್ತಕಗಳನ್ನು ಜನರ ಮುಂದೆ ಇಡಬೇಕೆಂಬ ನಿಯಮವಿದೆ. ತೆರಿಗೆಯ ಬಗ್ಗೆ ಜೋರಾಗಿ ಮಾತನಾಡುವವರನ್ನು ನಾನು ಅಲ್ಲಿ ಕಂಡದ್ದು ಅಪರೂಪ. ಎತ್ತಿನಹೊಳೆಯಂಥ ಯೋಜನೆಗೆ ಅಂಥ ಜಮಾಬಂದಿಯೇ ಇಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸದನಕ್ಕೆ ಬರುವ ಹೊತ್ತಿಗೆ ಹಣ ಖರ್ಚಾಗಿ ವರ್ಷಗಳೇ ಕಳೆದಿರುತ್ತವೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಕೊಟ್ಟಾಗಿದೆಯಾದ್ದರಿಂದ, ಪ್ರತಿ ಮಳೆಗಾಲ ಮುಗಿದ ಮೇಲೆ ಎಷ್ಟು ನೀರು ಎತ್ತಲಾಯಿತು, ಅದಕ್ಕೆ ಎಷ್ಟು ವಿದ್ಯುತ್ತು ವೆಚ್ಚವಾಯಿತು, ಆ ನೀರು ಎಲ್ಲಿಯವರೆಗೆ ಬಂತು ಎಂಬ ಮೂರು ಅಂಕಿಗಳನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗಳ ಫಲಕದಲ್ಲಿ ಹಾಕಬೇಕೆಂದು ಅರ್ಜಿ ಸಿದ್ಧಪಡಿಸಿದ್ದೇನೆ. ಯೋಜನೆಯನ್ನು ಬೆಂಬಲಿಸುವವರೂ ಇದಕ್ಕೆ ಸಹಿ ಹಾಕಬಹುದು. ಅವರ ದುಡ್ಡೂ ಅಲ್ಲೇ ಇದೆ.