"ಯಾರು ನಿನ್ನ ಮನಸ್ಸು ನೋಯಿಸಿದರು?" ಅಂತ ಕೇಳುವುದನ್ನು ಮೊದಲು ಬಿಡಿ

ನಿನ್ನೆಯಿಂದ ಒಂದು ವಿಡಿಯೊ ಕಣ್ಣಿಗೆ ಬೀಳುತ್ತಲೇ ಇದೆ. ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಗಡವಾದ ಮಾರ್ಮನ್ ಸಭೆ (ಅಂದರೆ ಚರ್ಚ್) ಬಿಟ್ಟ ಒಬ್ಬ ಮನುಷ್ಯ ಅವರ ಪವಿತ್ರ ಒಳಉಡುಪನ್ನು ಕೈಯಲ್ಲಿ ಎತ್ತಿ ಹಿಡಿದು ನಗುತ್ತಾನೆ, ಸುತ್ತಲಿದ್ದವರೂ ನಗುತ್ತಾರೆ. ಅದನ್ನು ನೋಡಿದ ನಂಬಿಕೆಯವರು ಹೇಳುವುದು ಒಂದೇ ಮಾತು: "ಪಾಪ, ಸಭೆಯಲ್ಲಿ ಯಾರೋ ಇವನ ಮನಸ್ಸು ನೋಯಿಸಿದ್ದಾರೆ." ನಾನು ದೇವರನ್ನು ನಂಬುವವನಲ್ಲ, ಅದು ನಿಮಗೆಲ್ಲ ಗೊತ್ತು. ಆದರೂ ಇವತ್ತು ನನಗೆ ಎರಡೂ ಕಡೆಯವರ ಮೇಲೆ ಸಿಟ್ಟು ಬಂದಿದೆ. ನನ್ನ ಕಡೆಯವರ ಮೇಲೆ ಸ್ವಲ್ಪ ಹೆಚ್ಚೇ.

ಇದು ದೂರದ ಅಮೆರಿಕದ ವಿಷಯ, ನಮಗೇಕೆ ಅನ್ನಬೇಡಿ. ಈ ಸಭೆ ಬೆಂಗಳೂರಿನಲ್ಲೂ ಇದೆ. ಇಲ್ಲೊಂದು ಟೆಂಪಲ್ (ವಾರದ ಆರಾಧನೆಯ ಕಟ್ಟಡವಲ್ಲ, ವಿಶೇಷ ವಿಧಿಗಳ ಮಂದಿರ) ಕಟ್ಟುತ್ತೇವೆ ಅಂತ 2018ರ ಏಪ್ರಿಲ್‌ನಲ್ಲೇ ಘೋಷಣೆಯಾಗಿದೆ. ಕೆಲಸಕ್ಕೆ ಅಂತ ಯೂಟಾಗೆ ಹೋಗಿ ನೆಲೆಸಿದ ನಮ್ಮವರಿಗೆ ಪಕ್ಕದ ಮನೆಯವರಲ್ಲಿ, ಆಫೀಸಿನವರಲ್ಲಿ ಹಲವರು ಇದೇ ಸಭೆಯವರು. ಇನ್ನು ಹೆಸರಿನ ಬಗ್ಗೆ ಒಂದು ಮಾತು. 2018ರ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ "ಮಾರ್ಮನ್ ಅನ್ನಬೇಡಿ, ಸಭೆಯ ಪೂರ್ತಿ ಹೆಸರು ಹೇಳಿ" ಅಂದರು. ಆ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಓದುವವರಿಗೆ ತಿಳಿಯಲಿ ಅಂತ ಇಲ್ಲಿ ಹಳೆಯ ಹೆಸರನ್ನೇ ಬರೆಯುತ್ತಿದ್ದೇನೆ. ಅವರ ಮನೆಗೆ ಹೋದಾಗ ಅವರು ಕೇಳಿದ ಹೆಸರಿನಿಂದಲೇ ಕರೆಯಬೇಕು. ಅಷ್ಟು ಮರ್ಯಾದೆಗೆ ನಮ್ಮ ಗಂಟೇನೂ ಹೋಗುವುದಿಲ್ಲ.

ಈಗ ಆ ಪ್ರಶ್ನೆ. "ಯಾರು ನಿನ್ನ ಮನಸ್ಸು ನೋಯಿಸಿದರು?" ಇದು ಕೆಟ್ಟ ಮನಸ್ಸಿನಿಂದ ಬರುವ ಪ್ರಶ್ನೆಯಲ್ಲ, ಅವರ ನಂಬಿಕೆಯ ಕಟ್ಟಡದಿಂದಲೇ ಬರುತ್ತದೆ. ಅವರ ಧರ್ಮಗ್ರಂಥವಾದ ಮಾರ್ಮನ್ ಗ್ರಂಥದ ಕೊನೆಯಲ್ಲಿ, ಮೊರೊನೈ ಅನ್ನುವ ಭಾಗದ 10ನೇ ಅಧ್ಯಾಯದ 4ನೇ ವಚನದಲ್ಲಿ, ಒಂದು ವಾಗ್ದಾನವಿದೆ: ಇದನ್ನು ಓದಿ, ಇದು ನಿಜವೇ ಅಂತ ಶುದ್ಧ ಮನಸ್ಸಿನಿಂದ ದೇವರನ್ನು ಕೇಳು, ಪವಿತ್ರಾತ್ಮ ನಿನಗೆ ತಿಳಿಸುತ್ತಾನೆ. ಹದಿನೆಂಟು, ಹತ್ತೊಂಬತ್ತರ ಮಿಷನರಿ ಹುಡುಗರು ಮನೆಮನೆಗೆ ಬಂದು ಮೊದಲು ತೋರಿಸುವುದೇ ಈ ವಚನ. ಇದರ ಇನ್ನೊಂದು ಮುಖ ನೋಡಿ. ಕೇಳಿದವನಿಗೆ ಉತ್ತರ ಬರಲಿಲ್ಲ ಅಂದರೆ? ವಾಗ್ದಾನ ಸುಳ್ಳಾಗುವ ಹಾಗಿಲ್ಲ. ಹಾಗಾಗಿ ದೋಷ ಕೇಳಿದವನಲ್ಲೇ ಇರಬೇಕು: ಮನಸ್ಸು ಶುದ್ಧವಿರಲಿಲ್ಲ, ಪಾಪ ಮಾಡಿದ್ದ, ಸೋಮಾರಿ, ಇಲ್ಲವೇ ಯಾರ ಮೇಲೋ ಮುನಿಸಿಕೊಂಡಿದ್ದ.

ಅದರ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ. ಅವತ್ತು ಎರಡು ಹೊತ್ತು ಉಪವಾಸ. ಸಭೆಯಲ್ಲಿ ಯಾರು ಬೇಕಾದರೂ ಎದ್ದು ಬಂದು ಸಾಕ್ಷಿ ಹೇಳಬಹುದು. ಅಲ್ಲಿ ಕೇಳಿಸುವ ಮಾತು "ನಾನು ನಂಬುತ್ತೇನೆ" ಅಂತಲ್ಲ, "ಈ ಸಭೆ ಸತ್ಯ ಅಂತ ನನಗೆ ಗೊತ್ತು" ಅಂತ. ಅಪ್ಪ ಅಮ್ಮ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ನಾಲ್ಕು ವರ್ಷದ ಮಗುವೂ ಮೈಕಿನ ಮುಂದೆ ಹಾಗೇ ಹೇಳುತ್ತದೆ. ಇಷ್ಟು ವರ್ಷ "ಗೊತ್ತು" ಅಂದವನು ಒಂದು ದಿನ "ನನಗೆ ಗೊತ್ತಿಲ್ಲ" ಅಂದರೆ ಕೇಳುವವರ ಕಿವಿಗೆ ಅದು ಅಭಿಪ್ರಾಯ ಬದಲಾದ ಹಾಗೆ ಕೇಳಿಸುವುದಿಲ್ಲ, ಕಂಡದ್ದನ್ನೇ ಕಂಡಿಲ್ಲ ಅಂದ ಹಾಗೆ ಕೇಳಿಸುತ್ತದೆ. ಅದಕ್ಕೇ ಕಾರಣ ಹುಡುಕಲು ಹೊರಡುತ್ತಾರೆ.

ಅವರ ಹಿರಿಯರಲ್ಲೇ ಇದನ್ನು ಬೇಡ ಅಂದವರಿದ್ದಾರೆ. 2013ರ ಅಕ್ಟೋಬರ್‌ನಲ್ಲಿ, ವರ್ಷಕ್ಕೆ ಎರಡು ಸಲ ಸೇರುವ ಅವರ ಮಹಾಸಭೆಯಲ್ಲಿ, ಡೀಟರ್ ಉಕ್ಟ್‌ಡಾರ್ಫ್ ವೇದಿಕೆಯ ಮೇಲೆ ನಿಂತು, ಬಿಟ್ಟುಹೋದವರು ಮನನೊಂದವರು, ಸೋಮಾರಿಗಳು, ಪಾಪಿಗಳು ಅಂತ ನಾವು ಅಂದುಕೊಳ್ಳುತ್ತೇವೆ, ವಿಷಯ ಅಷ್ಟು ಸರಳವಲ್ಲ ಅಂದರು. ಆ ಮಾತು ಕೇಳಿ ಎಷ್ಟೋ ಮನೆಗಳು ಉಸಿರಾಡಿದವು. ಎಂಟು ವರ್ಷ ತುಂಬುವ ಮೊದಲೇ, 2021ರ ಏಪ್ರಿಲ್‌ನಲ್ಲಿ, ನೆಲ್ಸನ್ ಇನ್ನೊಂದು ಮಹಾಸಭೆಯಲ್ಲಿ "ಸೋಮಾರಿ ಕಲಿಕೆಯವರು" ಅನ್ನುವ ಮಾತು ಎತ್ತಿದರು. ಅನುಮಾನವಿದ್ದವರು ಅನುಮಾನವಿರುವವರ ಜೊತೆ ಅದನ್ನು ಮಾತಾಡಿ ಬೆಳೆಸಬಾರದು ಅಂದರು. ಸಭೆ ಬಿಟ್ಟ ಮಗನ ಜೊತೆ ಮಾತು ಶುರುಮಾಡಿದ್ದ ತಾಯಿಗೆ ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕು ಅಂತ ತಿಳಿಯದೆ ಹೋದರೆ ಅವಳ ತಪ್ಪೇನಿಲ್ಲ.

ಈಗ ನಮ್ಮವರ ಸರದಿ. ನಾಸ್ತಿಕರು ಕೇಳುವ "ಇಷ್ಟೆಲ್ಲ ಓದಿಯೂ ಇನ್ನೂ ನಂಬ್ತೀಯಾ?" ಅನ್ನುವ ಪ್ರಶ್ನೆ ಅದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಪ್ರಾಮಾಣಿಕವಾಗಿ ಓದಿದವನು ಬಿಟ್ಟೇ ಬಿಡುತ್ತಾನೆ, ಬಿಡದಿದ್ದವನು ದಡ್ಡ ಅಥವಾ ಸುಳ್ಳ. ಮೊರೊನೈ ವಚನವನ್ನೇ ತಿರುವಿ ಹಾಕಿದ್ದಾರೆ, ಅಷ್ಟೇ. ಆಕ್ಷೇಪಗಳನ್ನು ಈಗ ಸಭೆಯೇ ಅಚ್ಚು ಮಾಡಿದೆ ಅನ್ನುವುದನ್ನೂ ಇವರು ಮರೆಯುತ್ತಾರೆ. 2013ರಿಂದ 2015ರವರೆಗೆ ಸಭೆ ತನ್ನದೇ ತಾಣದಲ್ಲಿ ಸಾಲು ಪ್ರಬಂಧಗಳನ್ನು ಹಾಕಿತು. ಸಭೆ ಕಟ್ಟಿದ ಜೋಸೆಫ್ ಸ್ಮಿತ್‌ಗೆ ಹಲವು ಹೆಂಡಿರಿದ್ದರು, ಅವರಲ್ಲಿ ತೀರಾ ಚಿಕ್ಕವಳಿಗೆ ಹದಿನೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿಯಿತ್ತು ಅಂತ ಅದರಲ್ಲಿದೆ. ಟೋಪಿಯಲ್ಲಿ ಕಲ್ಲೊಂದನ್ನು ಇಟ್ಟು, ಅದರೊಳಗೆ ಮುಖವಿಟ್ಟು ಅವನು ಮಾರ್ಮನ್ ಗ್ರಂಥ ಹೇಳಿ ಬರೆಸಿದ ವಿವರವಿದೆ. ಆ ಕಲ್ಲಿನ ಫೋಟೊವನ್ನು 2015ರ ಆಗಸ್ಟ್‌ನಲ್ಲಿ ಸಭೆಯೇ ಹೊರಗೆ ಬಿಟ್ಟಿತು. ಅವರ ಇನ್ನೊಂದು ಧರ್ಮಗ್ರಂಥವಾದ ಅಬ್ರಹಾಮನ ಗ್ರಂಥದ ಮೂಲ ಅಂತ ಹೇಳುತ್ತಿದ್ದ ಪಪೈರಸ್ (ಈಜಿಪ್ಟಿನ ಹಳೆಯ ಕಾಗದ) ತುಂಡುಗಳಲ್ಲಿ ಅಬ್ರಹಾಮನ ಹೆಸರೇ ಇಲ್ಲ ಅಂತಲೂ ಒಪ್ಪಿಕೊಂಡಿದೆ. ಇದನ್ನೆಲ್ಲ ಓದಿ ಒಬ್ಬ ಹೊರಗೆ ಹೋಗುತ್ತಾನೆ. ಅವನ ತಂಗಿ ಅದನ್ನೇ ಓದಿ ಒಳಗೆ ಉಳಿಯುತ್ತಾಳೆ. ಇಬ್ಬರೂ ಓದಿದ್ದು ಒಂದೇ. ಅವಳು ಉಳಿದದ್ದಕ್ಕೆ ಅವಳದೇ ಕಾರಣಗಳಿವೆ, ಅವನ್ನು ಅವಳ ಬಾಯಿಂದಲೇ ಕೇಳಬೇಕು.

"ಕರಿಯರಿಗೆ 1978ರವರೆಗೆ ಪೌರೋಹಿತ್ಯ ಕೊಡದ ಸಂಸ್ಥೆಗೆ ಸಭ್ಯತೆ ಯಾಕೆ? ಸಲಿಂಗಿ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ ಅಂತ 2015ರಲ್ಲಿ ನಿಯಮ ಮಾಡಿ, 2019ರಲ್ಲಿ ವಾಪಸ್ ತೆಗೆದುಕೊಂಡವರಿಗೆ ನಯವಾಗಿ ಮಾತಾಡಬೇಕಾ?" ಅಂತ ಕೇಳುವವರಿದ್ದಾರೆ. ಬೇಡ, ನಯ ಬೇಡ. ಸಂಸ್ಥೆಯನ್ನು ತರಾಟೆಗೆ ತೆಗೆದುಕೊಳ್ಳಿ, ನಾನೂ ಜೊತೆಗಿದ್ದೇನೆ. ಆದರೆ ಆ ನಿಯಮ ಮಾಡಿದವಳು ನಿಮ್ಮ ಅಮ್ಮ ಅಲ್ಲ. ಅವಳು ಭಾನುವಾರ ಪ್ರೈಮರಿಯಲ್ಲಿ, ಅಂದರೆ ಸಭೆಯ ಮಕ್ಕಳ ತರಗತಿಯಲ್ಲಿ, ಮಕ್ಕಳಿಗೆ ಹಾಡು ಹೇಳಿಕೊಡುವವಳು. ಸಾಲ್ಟ್ ಲೇಕ್ ಸಿಟಿಯ ಮುಖ್ಯ ಕಚೇರಿಗೆ ಹೇಳಬೇಕಾದ್ದನ್ನು ಅಡುಗೆಮನೆಯಲ್ಲಿ ಅವಳಿಗೆ ಹೇಳಿದರೆ ಕಚೇರಿಗೆ ಏನೂ ತಟ್ಟುವುದಿಲ್ಲ, ಅಡುಗೆಮನೆ ಮಾತ್ರ ಹಾಳಾಗುತ್ತದೆ.

ಆ ತಾಯಿಯ ದುಃಖ ಏನು ಅನ್ನುವುದನ್ನು ನಾಸ್ತಿಕರು ಒಮ್ಮೆ ಕೂತು ಅರ್ಥಮಾಡಿಕೊಳ್ಳಬೇಕು. ಟೆಂಪಲ್‌ನಲ್ಲಿ ಸೀಲಿಂಗ್ ಅನ್ನುವ ವಿಧಿಯಿದೆ. ಗಂಡ, ಹೆಂಡತಿ, ಮಕ್ಕಳನ್ನು ಸಾವಿನಾಚೆಗೂ ಒಂದೇ ಕುಟುಂಬವಾಗಿ ಬೆಸೆಯುತ್ತದೆ ಅಂತ ಅವರ ನಂಬಿಕೆ. ಸ್ವರ್ಗದ ಮನೆಯಲ್ಲಿ ಒಂದು ಕುರ್ಚಿಯೂ ಖಾಲಿ ಇರಬಾರದು ಅಂತ ಅವರಲ್ಲಿ ಹೇಳುವುದುಂಟು. ಮಗ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟ ದಿನ ಸಭೆಯ ಲೆಕ್ಕದಲ್ಲಿ ಅವನ ದೀಕ್ಷಾಸ್ನಾನ, ಪೌರೋಹಿತ್ಯ, ಟೆಂಪಲ್ ವಿಧಿಗಳು ಎಲ್ಲ ರದ್ದು. ಮುಂದೆ ಬರಬೇಕೆನಿಸಿದರೆ ಮತ್ತೆ ನೀರಿನಲ್ಲಿ ಮುಳುಗಿಯೇ ಬರಬೇಕು. ನಿಮಗೆ ಅದು ಒಂದು ಹಾಳೆ, ಅವಳಿಗೆ ಖಾಲಿ ಕುರ್ಚಿ. ನಂಬದೆಯೂ ಇದನ್ನು ತಿಳಿದುಕೊಳ್ಳಬಹುದು.

ಹಾಗಂತ ರಾಜೀನಾಮೆ ಕೊಡಬೇಡಿ ಅನ್ನುತ್ತಿಲ್ಲ. ಅದು ಹಕ್ಕು. 1985ರಲ್ಲಿ ಅರಿಜೋನಾದ ಮೆಸಾ ಊರಿನಲ್ಲಿ, ರಾಜೀನಾಮೆ ಕೊಟ್ಟ ಮೇಲೂ ಬಹಿಷ್ಕಾರ ಹಾಕಿದರು ಅಂತ ಒಬ್ಬರು ಸಭೆಯ ಮೇಲೆ ಮೊಕದ್ದಮೆ ಹೂಡಿದರು, ಅದು ರಾಜಿಯಲ್ಲಿ ಮುಗಿಯಿತು. 1989ರಲ್ಲಿ ಓಕ್ಲಹೋಮಾದ ಸುಪ್ರೀಂ ಕೋರ್ಟ್ ಬೇರೊಂದು ಚರ್ಚಿನ ಪ್ರಕರಣದಲ್ಲಿ, ಬಿಟ್ಟೆ ಅಂದವರ ಮೇಲೆ ಚರ್ಚಿನ ಶಿಸ್ತು ನಡೆಯುವುದಿಲ್ಲ ಅಂತ ತೀರ್ಪು ಕೊಟ್ಟಿತು. ಕೊಡುವುದಾದರೆ ಸರಿಯಾಗಿ ಕೊಡಿ. ಪೂರ್ತಿ ಹೆಸರು, ಹುಟ್ಟಿದ ತಾರೀಖು, ವಿಳಾಸ, ಗೊತ್ತಿದ್ದರೆ ಸದಸ್ಯತ್ವದ ಸಂಖ್ಯೆ. "ಈ ಕ್ಷಣದಿಂದ ಸದಸ್ಯನಲ್ಲ, ದಾಖಲೆಯಿಂದ ಹೆಸರು ತೆಗೆಯಿರಿ, ಮನೆಗೆ ಯಾರನ್ನೂ ಕಳಿಸಬೇಡಿ" ಅಂತ ಮೂರು ಸಾಲು, ಸಹಿ, ನೋಟರಿ ಮುದ್ರೆ. ಪತ್ರ ಸಾಲ್ಟ್ ಲೇಕ್‌ನ ಸದಸ್ಯತ್ವ ದಾಖಲೆ ವಿಭಾಗಕ್ಕೆ. ಕೆಡುವುದು ಎಲ್ಲಿ ಅಂದರೆ, ನೋಟರಿ ಮಾಡಿಸದಿದ್ದರೆ ಪತ್ರ ಅಲ್ಲೇ ನಿಲ್ಲುತ್ತದೆ. ವಾರ್ಡಿನ (ಸ್ಥಳೀಯ ಸಭೆಯ) ಮುಖ್ಯಸ್ಥನಾದ ಬಿಷಪ್ ಕೈಗೆ ಕೊಟ್ಟರೆ ಅದು ಸ್ಟೇಕ್ (ಹಲವು ವಾರ್ಡುಗಳ ಗುಂಪು) ಅಧ್ಯಕ್ಷರ ಮೂಲಕ ಹೋಗಬೇಕು, ನಡುವೆ "ಒಮ್ಮೆ ಬಂದು ಮಾತಾಡು" ಅನ್ನುವ ಕರೆ ಬರುತ್ತದೆ. ಬಿಷಪ್ ಸಂಬಳವಿಲ್ಲದ ಮನುಷ್ಯ, ಹಗಲು ಎಲ್ಲೋ ಲೆಕ್ಕ ಬರೆಯುವವನೋ ಹಲ್ಲಿನ ಡಾಕ್ಟರೋ ಆಗಿರುತ್ತಾನೆ. ಅವನ ಮೇಲೆ ಕೂಗಾಡಬೇಡಿ. ಸಭೆಯದೇ ಆದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು ಡಿಗ್ರಿ ಕೈಗೆ ಬರುವವರೆಗೆ ಕಾಯುವುದು ಒಳ್ಳೆಯದು. ಅಲ್ಲಿ ಬೇರೆ ಧರ್ಮದವರು ಓದಬಹುದು, ಆದರೆ ಅಲ್ಲಿ ಓದಲು ಧಾರ್ಮಿಕ ಮುಖಂಡರಿಂದ ಬೇಕಾದ ಒಪ್ಪಿಗೆಪತ್ರ, ಸದಸ್ಯನಾಗಿದ್ದು ಬಿಟ್ಟವನಿಗೆ ರದ್ದಾಗುತ್ತದೆ. ಈ ನಿಯಮ ಅನ್ಯಾಯ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ಅಮ್ಮನಿಗೆ ಮೊದಲು ನಿಮ್ಮ ಬಾಯಿಂದಲೇ ಗೊತ್ತಾಗಲಿ.

ಇನ್ನು ಒಬ್ಬರು ಬಿಟ್ಟು ಒಬ್ಬರು ಉಳಿದ ಮನೆ. ಅಲ್ಲಿ ತತ್ವದ ಚರ್ಚೆಯಿಂದ ಏನೂ ಬಗೆಹರಿಯುವುದಿಲ್ಲ, ಲೆಕ್ಕದಿಂದ ಬಗೆಹರಿಯುತ್ತದೆ. ದಶಮಾಂಶ ಅಂದರೆ ದುಡಿಮೆಯ ನೂರಕ್ಕೆ ಹತ್ತು. ಅದು ಕೊಡದಿದ್ದರೆ ಟೆಂಪಲ್‌ಗೆ ಹೋಗುವ ರೆಕಮೆಂಡ್ ಚೀಟಿ ಸಿಗುವುದಿಲ್ಲ. ಆ ಚೀಟಿಗೆ ಬಿಷಪ್ ಒಮ್ಮೆ, ಸ್ಟೇಕಿನವರು ಒಮ್ಮೆ ಸಂದರ್ಶನ ಮಾಡುತ್ತಾರೆ, ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹೆಂಡತಿಗೆ ಟೆಂಪಲ್ ಬೇಕು, ಗಂಡನಿಗೆ ಒಂದು ರೂಪಾಯಿ ಕೊಡಲೂ ಮನಸ್ಸಿಲ್ಲ ಅಂದರೆ, ಒಟ್ಟು ಆದಾಯವನ್ನು ಎರಡು ಪಾಲು ಮಾಡಿ ಅವಳ ಪಾಲಿನ ಹತ್ತನೇ ಒಂದನ್ನು ಅವಳು ಕೊಡುವುದು ನಡೆಯುವ ದಾರಿ. ಮೊತ್ತವನ್ನು ವರ್ಷದ ಮೊದಲೇ ಬರೆದಿಡಿ. ತಿಂಗಳು ತಿಂಗಳು ಇದೇ ಮಾತು ಎತ್ತಿದರೆ ಜಗಳ ದುಡ್ಡಿನದಾಗಿ ಉಳಿಯುವುದಿಲ್ಲ.

ಕಾಫಿ, ಟೀ ಅವರಿಗೆ ನಿಷಿದ್ಧ. 1833ರ ಒಂದು ಉಪದೇಶದಲ್ಲಿ ಬರುವ "ಬಿಸಿ ಪಾನೀಯ" ಅನ್ನುವ ಮಾತಿಗೆ ಕಾಫಿ, ಟೀ ಅಂತಲೇ ಅರ್ಥ ಹೇಳುತ್ತಾರೆ. ಬಿಸಿ ಚಾಕೊಲೇಟ್ ನಡೆಯುತ್ತದೆ. ಫಿಲ್ಟರ್ ಕಾಫಿಯ ಮನೆಗಳಲ್ಲಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಬಿಟ್ಟವನ ಮನೆಯ ಕಾಫಿ ಯಂತ್ರ ಒಂದು ಘೋಷಣೆ. ನಿಮ್ಮ ಮನೆಯಲ್ಲಿ ಮಾಡಿ, ಕುಡಿಯಿರಿ, ಬಚ್ಚಿಡಬೇಡಿ. ಅಮ್ಮನ ಮನೆಗೆ ಮಾತ್ರ ಲೋಟ ಹಿಡಿದು ಹೋಗಬೇಡಿ. ಇನ್ನು ಆ ಒಳಉಡುಪು. ನಿಮಗೆ ಬೇಡವಾದರೆ ಹಾಕಬೇಡಿ. ಆದರೆ ಅದನ್ನು ಕ್ಯಾಮೆರಾ ಮುಂದೆ ಹಿಡಿದ ಕ್ಷಣ ನೀವು ನಿಮ್ಮ ಅಜ್ಜಿಯ ಮೈಮೇಲಿನ ಬಟ್ಟೆಯನ್ನೇ ಬೀದಿಯಲ್ಲಿ ಹಿಡಿದ ಹಾಗೆ. ಆ ವಿಡಿಯೊ ನೋಡಿ ನನಗೆ ನಗು ಬರದಿದ್ದುದು ಇದಕ್ಕೇ.

ಎಂಟು ವರ್ಷಕ್ಕೆ ಮಗುವಿನ ದೀಕ್ಷಾಸ್ನಾನ. ಮನೆಗಳು ಬಿರುಕು ಬಿಡುವುದು ಹೆಚ್ಚಾಗಿ ಇಲ್ಲೇ. ಹೆತ್ತವರ ಒಪ್ಪಿಗೆ ಬೇಕು, ಹಾಗಾಗಿ ಬಿಟ್ಟ ತಂದೆಗೆ ತಡೆಯಬೇಕು ಅನ್ನಿಸುತ್ತದೆ. ಇದರ ಮಾತು ಮಗುವಿಗೆ ಆರು ತುಂಬುವಾಗಲೇ ಆಗಲಿ. ಎಂಟಕ್ಕೆ ಎರಡು ವಾರ ಇರುವಾಗ, ಬಿಳಿ ಬಟ್ಟೆ ಹೊಲಿಸಿ ಅಜ್ಜಿ ತಾತ ಹೊರಟ ಮೇಲೆ ತೆಗೆದರೆ ಮಗುವಿನ ಮೇಲೆಯೇ ಭಾರ ಬೀಳುತ್ತದೆ. ಒಪ್ಪಿದ್ದೀರಿ ಅಂದರೆ ಹೋಗಿ ನಿಲ್ಲಿ. ಅದು ಟೆಂಪಲ್ ಒಳಗೆ ನಡೆಯುವುದಲ್ಲ, ಸಭೆಯ ಕಟ್ಟಡದ ತೊಟ್ಟಿಯಲ್ಲಿ, ಯಾರು ಬೇಕಾದರೂ ಬರಬಹುದು. ಒಂದು ಕಾಲ್ಬೆರಳು ಮೇಲೆ ಉಳಿದರೂ ಮತ್ತೆ ಮುಳುಗಿಸುತ್ತಾರೆ, ಮಗು ಗಾಬರಿಯಾಗುತ್ತದೆ. ಆಗ ಟವೆಲ್ ಹಿಡಿದು ಮೆಟ್ಟಿಲ ಬಳಿ ನಿಲ್ಲಲು ಯಾವ ನಂಬಿಕೆಯೂ ಬೇಕಿಲ್ಲ.

ಸಭೆ ಬದಲಾಗುವುದಿಲ್ಲ ಅನ್ನುವವರಿಗೆ ಮದುವೆಯ ವಿಷಯ ಹೇಳಬೇಕು. ಟೆಂಪಲ್ ಮದುವೆಗೆ ರೆಕಮೆಂಡ್ ಇಲ್ಲದವರು ಒಳಗೆ ಹೋಗುವ ಹಾಗಿಲ್ಲ. ಸಭೆ ಬಿಟ್ಟ ಅಪ್ಪ ಮಗಳ ಮದುವೆಯ ದಿನ ಹೊರಗಿನ ಹುಲ್ಲಿನ ಮೇಲೆ ಕಾಯುತ್ತಿದ್ದ. ಅಪ್ಪನೂ ನೋಡಲಿ ಅಂತ ಮೊದಲು ಸಿವಿಲ್ ಮದುವೆ ಮಾಡಿಕೊಂಡರೆ ಅಮೆರಿಕದಲ್ಲಿ ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ಒಂದು ವರ್ಷವನ್ನು ತೆಗೆದುಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಕಮೆಂಡ್ ಸಂದರ್ಶನದ ಪ್ರಶ್ನೆಗಳೂ ಬದಲಾದವು. ಸಭೆಗೆ ವಿರುದ್ಧವಾದ ಬೋಧನೆಯ ವ್ಯಕ್ತಿಗಳ ಜೊತೆ ಒಡನಾಟವಿದೆಯೇ ಅನ್ನುವ ಧಾಟಿಯ ಹಳೆಯ ಪ್ರಶ್ನೆ ಹೋಗಿ, ಅಂಥ ಬೋಧನೆಯನ್ನು ನೀವು ಬೆಂಬಲಿಸುತ್ತೀರಾ, ಪ್ರಚಾರ ಮಾಡುತ್ತೀರಾ ಅಂತ ಆಯಿತು. ಬಿಟ್ಟ ಮಗನ ಜೊತೆ ಊಟಕ್ಕೆ ಕೂತರೆ ಚೀಟಿ ಹೋಗುತ್ತದೇನೋ ಅಂತ ಅಂಜುತ್ತಿದ್ದವರಿಗೆ ಈಗ ಆ ಅಂಜಿಕೆಗೆ ಕಾರಣವಿಲ್ಲ. ಇದನ್ನು ಸಭೆಯವರು ತಮ್ಮ ಬಂಧುಗಳಿಗೆ ಕರೆದು ಹೇಳಬೇಕು. ಜೋಸೆಫ್ ಸ್ಮಿತ್ 1842ರಲ್ಲಿ ಬರೆದ 13 ನಂಬಿಕೆಯ ಸೂತ್ರಗಳಲ್ಲಿ 11ನೆಯದು, ನಮ್ಮ ಮನಸ್ಸಾಕ್ಷಿಯಂತೆ ನಾವು ಆರಾಧಿಸುತ್ತೇವೆ, ಬೇರೆಯವರಿಗೂ ಅದೇ ಹಕ್ಕು ಬಿಡುತ್ತೇವೆ ಅನ್ನುತ್ತದೆ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಹಾಗಿದ್ದ ಮೇಲೆ ಆರಾಧಿಸದ ಮಗನಿಗೂ ಅದರಲ್ಲಿ ಜಾಗ ಇರಲೇಬೇಕು.

ಇನ್ನೊಂದು ಬದಲಾವಣೆ ನನಗೆ ಎಲ್ಲಕ್ಕಿಂತ ಇಷ್ಟ. ಮಿಷನ್‌ಗೆ, ಅಂದರೆ ಊರು ಬಿಟ್ಟು ಧರ್ಮಪ್ರಚಾರಕ್ಕೆ, ಹೋದ ಹುಡುಗರು ಮನೆಗೆ ಫೋನ್ ಮಾಡಬಹುದಾಗಿದ್ದುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾಡಬಹುದು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಬಿಟ್ಟ ಅಪ್ಪನ ಕೈಯಲ್ಲಿ ಸುಮಾರು ನೂರು ಕರೆಗಳಿವೆ. ಆ ಕಡೆ ಇರುವವನು ಹತ್ತೊಂಬತ್ತರ ಮಗ, ಊರು ಹೊಸದು, ದಿನವಿಡೀ ನಡೆದು ಕಾಲು ನೋಯುತ್ತಿರುತ್ತದೆ, ಎಷ್ಟೋ ಬಾಗಿಲು ಮುಖಕ್ಕೆ ಮುಚ್ಚಿರುತ್ತವೆ. ಪಪೈರಸ್ ವಿಷಯ ಅವತ್ತು ಬೇಡ. ಬೂಟು ಸವೆದಿದೆಯಾ, ಚಳಿ ಹೇಗಿದೆ, ಊಟ ಆಯ್ತಾ ಅಂತ ಕೇಳಿ.