ಚಂಪಿಯ ಬಾಗಿಲು

ನಮ್ಮನೆ ಬೆಕ್ಕು ಚಂಪಿಗೆ ರಾತ್ರಿ ಮೂರಕ್ಕೆ ಹೊರಗೆ ಹೋಗಬೇಕು. ಮೂರೂವರೆಗೆ ಒಳಗೆ ಬರಬೇಕು. ಎರಡು ಸಲವೂ ಎದ್ದು ಚಿಲಕ ತೆಗೆಯುವವನು ನಾನು. ಒಂದು ದಿನ ನಿದ್ದೆಗಣ್ಣಲ್ಲೇ ತೀರ್ಮಾನ ಮಾಡಿದೆ: ಇದಕ್ಕೊಂದು ತಾನೇ ತೆರೆಯುವ ಬಾಗಿಲು ಮಾಡಬೇಕು.

"ಒಳ್ಳೆ ತೇಗದ ಬಾಗಿಲು ಸಾರ್, ಇನ್ನೊಂದ್ಸಲ ಯೋಚನೆ ಮಾಡಿ" ಅಂದರು ಬಡಗಿ. ಯೋಚನೆ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಡಿಗೆಮನೆಯ ಪಕ್ಕದ ಬಾಗಿಲಿನ ಬುಡದಲ್ಲಿ ಚೌಕ ತೂತು ಕೊರೆಸಿ, ಅದಕ್ಕೊಂದು ಪ್ಲೈವುಡ್ ಮುಚ್ಚಳ ಹಾಕಿಸಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರಸ್ತೆಗೆ ಹೋಗಿ ಹೇಳಿದ ಕೆಲಸ ಮಾಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಒಂದು, ಓಡಾಟ ಗುರುತಿಸುವ ಸೆನ್ಸರ್ ಒಂದು, ಹೇಳಿದಷ್ಟೇ ತಿರುಗುವ ಪುಟ್ಟ ಸರ್ವೊ ಮೋಟರ್ ಒಂದು ತಂದೆ. ಮೋಟರಿನ ತೂಕ 9 ಗ್ರಾಂ. ತಿರುಗುವ ಅಚ್ಚಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅದು ಹೆಚ್ಚುಕಡಿಮೆ 1.8 ಕಿಲೋ ಎತ್ತುತ್ತದೆ. ನಾನು ಜೋಡಿಸಿದ ಕಡ್ಡಿ ಹತ್ತು ಸೆಂಟಿಮೀಟರ್. ಅಂದರೆ ಎತ್ತುವುದು 180 ಗ್ರಾಂ ಮಾತ್ರ. ಈ ಲೆಕ್ಕ ನಾನು ಹಾಕಿದ್ದು ಮೋಟರಿನ ಹಲ್ಲು ಮುರಿದ ಮೇಲೆ.

ಸರಿ, ಅದರ ಅಣ್ಣನನ್ನು ತಂದೆ. ಲೋಹದ ಗೇರು, ಒಳ್ಳೆ ಗಟ್ಟಿಮುಟ್ಟು. ಆರ್ಡುಯಿನೊದ ಐದು ವೋಲ್ಟಿನ ಪಿನ್ನಿಗೇ ಸಿಕ್ಕಿಸಿದೆ. ತಪ್ಪಾಗಿದ್ದು ಅಲ್ಲೇ. ಮೋಟರ್ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಆರ್ಡುಯಿನೊ ತಲೆತಿರುಗಿ ಬಿದ್ದು ಮತ್ತೆ ಮೊದಲಿಂದ ಶುರುವಾಗುತ್ತದೆ. ಶುರುವಾದ ಕೂಡಲೇ ಅದು ಮಾಡುವ ಮೊದಲ ಕೆಲಸ ಏನು ಗೊತ್ತಾ? ಮೋಟರನ್ನು ಎಬ್ಬಿಸುವುದು. ಮುಚ್ಚಳ ಪಟಪಟ ಬಡಿದುಕೊಳ್ಳತೊಡಗಿತು.

"ಬಾಗಿಲಿಗೆ ಚಳಿಜ್ವರ ಬಂದಿದೆ ಕಣೋ" ಅಂದಳು ಅಮ್ಮ. ಚಂಪಿ ಫ್ರಿಜ್ ಮೇಲೆ ಹತ್ತಿದವಳು ಸಂಜೆಯವರೆಗೂ ಇಳಿಯಲಿಲ್ಲ.

ಮೋಟರಿಗೆ ಬೇರೆ ಅಡಾಪ್ಟರ್ ಕೊಟ್ಟು, ಗ್ರೌಂಡ್ ವೈರುಗಳನ್ನು ಒಟ್ಟಿಗೆ ಸೇರಿಸಿ, 1000 ಮೈಕ್ರೊಫ್ಯಾರಡ್‌ನ, ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಂದನ್ನು ಹಾಕಿದ ಮೇಲೆ ಜ್ವರ ಬಿಟ್ಟಿತು. ಅವತ್ತು ರಾತ್ರಿ ಬಾಗಿಲು ಗಂಭೀರವಾಗಿ ಝುಂಯ್ ಅಂತ ತೆರೆಯಿತು. ನಾನು ಹಾಸಿಗೆಯಲ್ಲೇ ಹೆಮ್ಮೆಯಿಂದ ಮಗ್ಗುಲಾದೆ. ಕಾಲ ಬುಡದಲ್ಲಿ ಏನೋ ಮಿಸುಕಿತು. ನೋಡಿದರೆ ಚಂಪಿ! ಹಾಗಾದರೆ ಒಳಗೆ ಬಂದಿದ್ದು ಯಾರು?

ಹೆಗ್ಗಣ. ನಾನು ತಂದ ಪಿಐಆರ್ ಸೆನ್ಸರಿಗೆ ಬೇಕಾದ್ದು ಓಡಾಡುವ ಒಂದು ಬಿಸಿ ಮೈ, ಅಷ್ಟೇ. ಅದು ಜಾತಿ ಕೇಳುವುದಿಲ್ಲ. 2019ರಲ್ಲಿ ಅಮೆರಿಕದ ಅಮೆಜಾನ್ ಉದ್ಯೋಗಿಯೊಬ್ಬರು ಇದಕ್ಕಿಂತ ದೊಡ್ಡ ಸಾಹಸ ಮಾಡಿದ್ದರು. ಬೆಕ್ಕು ಬಾಯಲ್ಲಿ ಬೇಟೆ ಕಚ್ಚಿಕೊಂಡು ಬಂದರೆ ಕ್ಯಾಮೆರಾ ಗುರುತು ಹಿಡಿದು ಬಾಗಿಲಿಗೆ 15 ನಿಮಿಷ ಬೀಗ ಹಾಕುತ್ತಿತ್ತು. ಅವರ ಬೆಕ್ಕು ಬೇಟೆ ಹಿಡಿದು ತರುತ್ತಿತ್ತು. ನಮ್ಮವಳು ಬೇಟೆ ತಾನಾಗಿ ಮನೆಗೆ ಬಂದರೂ ಕಣ್ಣು ಬಿಡಲಿಲ್ಲ. ಹೆಗ್ಗಣ ಓಡಿಸಿದ್ದು ಅಮ್ಮ, ಪೊರಕೆಯಲ್ಲಿ.

ಮುಂದಿನ ಪ್ರಯೋಗ, ಟ್ಯಾಗನ್ನು ರೇಡಿಯೊ ತರಂಗದಿಂದ ಓದಿ ಗುರುತು ಹಿಡಿಯುವ ಆರ್‌ಎಫ್‌ಐಡಿ. ಪ್ರಾಣಿಗಳ ಚರ್ಮದಡಿ ಹಾಕುವ ಗುರುತಿನ ಚಿಪ್ಪಿನ ತರಂಗ 134.2 ಕಿಲೋಹರ್ಟ್ಸ್, ನಾನು ತಂದ ರೀಡರಿನದು 13.56 ಮೆಗಾಹರ್ಟ್ಸ್. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಕಿಟ್ ಜೊತೆ ಬಂದ ನೀಲಿ ಕೀಚೈನ್ ಟ್ಯಾಗನ್ನೇ ಚಂಪಿಯ ಕತ್ತಿನ ಪಟ್ಟಿಗೆ ಕಟ್ಟಿದೆ. ರೀಡರ್ ಓದುವುದು ಮೂರು-ನಾಲ್ಕು ಸೆಂಟಿಮೀಟರ್ ದೂರದಿಂದ ಮಾತ್ರ. ಚಂಪಿ ಗೋಣು ಒಡ್ಡಿ ನಿಲ್ಲಬೇಕು. ಬೆಕ್ಕು ಯಾರಿಗಾದರೂ ಗೋಣು ಒಡ್ಡಿದ್ದು ಕೇಳಿದ್ದೀರಾ? ತೋರಿಸಿಕೊಡೋಣ ಅಂತ ನಾನೇ ಮಂಡಿಯೂರಿ, ಕತ್ತಿಗೆ ಇನ್ನೊಂದು ಟ್ಯಾಗ್ ಹಿಡಿದುಕೊಂಡು, ಬಾಗಿಲಿಗೆ ಕತ್ತು ಉಜ್ಜಿದೆ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ನೋಡಿ ಸುಮ್ನೆ ಒಳಗೆ ಹೋದರು. ಇವತ್ತಿಗೂ ಏನೂ ಕೇಳಿಲ್ಲ.

ಐದನೇ ರಾತ್ರಿ ಚಂಪಿ ಪಟ್ಟಿಯನ್ನು ರೀಡರ್ ಡಬ್ಬಿಯ ಮೂಲೆಗೇ ಸಿಕ್ಕಿಸಿ, ಕತ್ತು ಬಿಡಿಸಿಕೊಂಡು ಹೋದಳು. ಬಾಗಿಲು ಬೆಳಗಾಗುವವರೆಗೆ ಹತ್ತು ಸೆಕೆಂಡಿಗೊಮ್ಮೆ ತೆರೆದು, ಯಾರೂ ಬಾರದ್ದು ನೋಡಿ ಮುಚ್ಚಿತು.

ಆ ಟ್ಯಾಗನ್ನು ಅಮ್ಮ ನನ್ನ ಕೇಳದೆ ಹಾಲಿನ ಹುಡುಗನಿಗೆ ಕೊಟ್ಟುಬಿಟ್ಟಿದ್ದಾಳೆ. ಹೊರಗೆ ಚೀಲದಲ್ಲಿ ಹಾಕಿದರೆ ನಾಯಿ ಎಳೀತಾವೆ, ಅಲ್ವಾ? ಅವನು ಒಂದೇ ದಿನಕ್ಕೆ ಕಲಿತ. ಈಗ ಬೆಳಿಗ್ಗೆ ಐದೂಮುಕ್ಕಾಲಿಗೆ ಝುಂಯ್ ಅನ್ನುತ್ತದೆ, ಎರಡು ಅರ್ಧ ಲೀಟರ್ ಪ್ಯಾಕೆಟ್ ದೊಪ್ಪಂತ ಒಳಗೆ ಬೀಳುತ್ತವೆ. ಮೂರಕ್ಕೂ ಮೂರೂವರೆಗೂ ಚಿಲಕ ತೆಗೆಯುವವನು ಮಾತ್ರ ನಾನೇ.

ಎರಡು ದಿನದಿಂದ ಚಂಪಿ ಐದೂವರೆಗೇ ಹೋಗಿ ಆ ತೂತಿನ ಮುಂದೆ ಕೂರುತ್ತಿದ್ದಾಳೆ. ಇವತ್ತು ಅಮ್ಮ ಸೋರುತ್ತಿದ್ದ ಪ್ಯಾಕೆಟ್ಟನ್ನು ಎತ್ತಿ ಹಿಡಿದು, ಮೂಲೆಯ ಹಲ್ಲಿನ ತೂತು ತೋರಿಸಿ ಕೇಳಿದಳು: "ಇದಕ್ಕೇನಾದ್ರೂ ಸೆನ್ಸರ್ ಸಿಗುತ್ತೇನೋ?"